ಬೂದು ಸಾಕ್ಸು

ಕಿಟಕಿ ಗಾಜಿನ ಮೇಲೆ ಕೆಂಪು ಹನಿಗಳು, ದಾರಿಯಲ್ಲಿ ಯಾರೋ ಉಗಿದ ಗುಟ್ಕಾ ಗಾಳಿಗೆ ತಿರುಗಿ ಬಂದು ಅಂಟಿಕೊಂಡಿದೆ, ಇನ್ನೂ ಒಣಗಿಲ್ಲ, ಒಂದು ಹನಿ ಆತುರವಿಲ್ಲದೆ ಕೆಳಗಿಳಿಯುತ್ತಿದೆ, ಅದರಾಚೆ ಮದ್ದೂರು ಬಸ್ ಸ್ಟ್ಯಾಂಡು, ಕಬ್ಬಿನ ಹಾಲಿನ ಗಾಡಿ, ಸಿಪ್ಪೆಯ ಗುಡ್ಡೆಯ ಮೇಲೆ ನೊಣ, ಗಾಜು ಸರಿಸೋಣವೆಂದರೆ ಅದನ್ನೇ ಮುಟ್ಟಬೇಕು, ಬೇಡ, ವೇಲಿನಿಂದ ಮೂಗು ಮುಚ್ಚಿಕೊಂಡರೆ ವೇಲಿಗೂ ನಾನು ಹಾಡಿ ಬಂದ ಆ ಕೋಣೆಯ ವಾಸನೆ ಹತ್ತಿದೆ, ಊದುಬತ್ತಿ, ಹೊಸ ಪೇಂಟು, ಅದರಡಿಯಲ್ಲಿ ಇನ್ನೊಂದು — ಪಕ್ಕದಲ್ಲಿ ಅಪ್ಪ ಫೋನಿನಲ್ಲಿ ಜೋರಾಗಿ, ಸಿಕ್ತು ಕಣ್ಲಾ ಚಿಕ್ಕಮಾದು, ಸೀಟು ಸಿಕ್ತು, ನಮ್ ಸೋಬಿಗೆ ಯೂನಿವರ್ಸಿಟೀಲಿ ಸೀಟು, ಬರೀ ಬಿ.ಎ. ಅಲ್ಲ ಕಣ್ಲಾ, ಸಂಗೀತದ್ದೇ ಡಿಗ್ರಿ, ಆಡ್ಸಿ ಅಲ್ಲೇ ಏಳ್ಬುಟ್ರು, ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡುತ್ತಾರೆ, ಚಿಕ್ಕಮಾದು ಮಾಮ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಪ್ಪನ ಜೊತೆ ಭತ್ತದ ಗದ್ದೆಯಲ್ಲಿ ಕೆಲಸ ಮಾಡುವವನು, ಅವನು ನಗುವುದು ನನಗೂ ಕೇಳಿಸುತ್ತಿದೆ, ಅಪ್ಪ ಫೋನನ್ನು ಭುಜಕ್ಕೆ ಒತ್ತಿಕೊಂಡು ತೊಡೆಯ ಮೇಲಿನ ಪೊಟ್ಟಣ ಬಿಚ್ಚಿ ವಡೆ ಮುರಿದು ನನ್ನ ಬಾಯಿಯ ಹತ್ತಿರ ಹಿಡಿಯುತ್ತಾನೆ, ತಿನ್ನು ಮಗ, ಬೆಳಿಗ್ಗಿಂದ ಏನೂ ತಿಂದಿಲ್ಲ, ಬಲಗೈ, ಅದೇ ಬಲಗೈ, ತೊಳೆದಿಲ್ಲ, ಯೂನಿವರ್ಸಿಟಿ ಗೇಟಿನ ಹತ್ತಿರ ನಲ್ಲಿ ಇತ್ತು, ತೊಳೆಯಲಿಲ್ಲ, ನಾನು ನೋಡಿದ್ದೇನೆ, ಬೇಡ ಅಪ್ಪ ಅನ್ನುತ್ತೇನೆ, ಮುಖ ತಿರುಗಿಸುತ್ತೇನೆ, ಅಪ್ಪನ ಕೈ ನೋಡಿ ಮುಖ ತಿರುಗಿಸುವುದೆಂದರೆ, ಥೂ ನನಗೆ.

ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು, ಮಂಡ್ಯದಲ್ಲಿ ಬಸ್ಸು ಹತ್ತುವಾಗ ಗಂಟಲು ತಿಳಿಯಾಗಿತ್ತು, ಇಂದ್ರಮ್ಮ ಟೀಚರ್ ಹೇಳಿದ್ದಂತೆ ಬಿಸಿನೀರು ಕುಡಿದು ಮಂದ್ರದಲ್ಲಿ ಸ್ವಲ್ಪ ಹೊತ್ತು ಸಾಧನೆ ಮಾಡಿದ್ದೆ, ಟೀಚರ್ ಸರ್ಕಾರಿ ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ರಿಟೈರಾದವರು, ಈಗ ಅವರ ಮನೆ ಜಗಲಿಯೇ ಪಾಠಶಾಲೆ, ಅರ್ಜಿ ಹಾಕು ಶೋಭಿತಾ, ನಿನ್ನ ಗಂಟಲು ಇಲ್ಲೇ ಕೂತು ಕೊಳೆಯಬಾರದು ಅಂತ ಅವರೇ ಹಠ ಹಿಡಿದದ್ದು, ಹೋಗುವ ಹಿಂದಿನ ದಿನ ಇನ್ನೊಂದು ಮಾತು ಹೇಳಿದರು, ರಾಗ ಕೇಳಿದ್ರೆ ರಾಗ ಹೇಳು, ಮಿಕ್ಕಿದ್ದು ಏನು ಕೇಳಿದ್ರೂ ನಕ್ಕುಬಿಡು, ಜಗಳಕ್ಕೆ ಹೋಗ್ಬೇಡ, ಮಿಕ್ಕಿದ್ದು ಅಂದರೇನು ಟೀಚರ್ ಅಂದರೆ ಅವರು ಶ್ರುತಿಪೆಟ್ಟಿಗೆಯ ಧೂಳು ಒರೆಸತೊಡಗಿದರು, ಅವರಿಗೆ ಗೊತ್ತಿತ್ತು, ಹೈವೇ ಪಕ್ಕ ಗದ್ದೆಗಳ ನಡುವೆ ಹೊಸದಾಗಿ ಎದ್ದ ಆ ಯೂನಿವರ್ಸಿಟಿ, ಗಾಜಿನ ಗೋಡೆಗಳು, ಸಂಗೀತ ವಿಭಾಗದ ಮುಂದೆ ಸಾಲುಕುರ್ಚಿ, ನನ್ನ ಪಕ್ಕ ಚಂದನ ಅನ್ನುವ ಹುಡುಗಿ, ಅವಳಮ್ಮ ಅವಳ ಬಾಯಿಗೆ ಕಲ್ಲುಸಕ್ಕರೆ ಹಾಕುತ್ತಿದ್ದರು, ನನಗೂ ಒಂದು ಹರಳು ಕೊಟ್ಟರು, ಚಂದನ ನನಗಿಂತ ಮೊದಲು ಒಳಗೆ ಹೋದಳು, ಬೇಗನೆ ಬಂದಳು, ಏನ್ ಕೇಳಿದ್ರು ಅಂದೆ, ಒಂದು ವರ್ಣ, ಎರಡು ರಾಗ, ಅಷ್ಟೇ ಕಣೆ, ತುಂಬ ಒಳ್ಳೇವ್ರು ಅಂದಳು, ಒಳ್ಳೆಯವರು, ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ, ಅಪ್ಪ ಹೊರಗೆ ನಿಂತೇ ಇದ್ದ, ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ, ಹೊಸದಾಗಿ ಇಸ್ತ್ರಿ ಮಾಡಿಸಿದ ಅಂಗಿ ಸುಕ್ಕಾಗುತ್ತದೆ ಅಂತ.

ಒಳಗೆ ಜಮಖಾನ, ಅದರ ತುದಿಯಲ್ಲಿ ಮೇಜು, ಮೇಜಿನ ಹಿಂದೆ ಮೂವರು, ಪಿಟೀಲು ಮೇಷ್ಟರು ಒಬ್ಬರು, ಮೊಬೈಲು ನೋಡುತ್ತಿದ್ದ ಮೇಡಂ ಒಬ್ಬರು, ನಡುವೆ ವಿಭಾಗದ ಮುಖ್ಯಸ್ಥರು, ಎಲ್ಲರ ಚಪ್ಪಲಿ ಹೊರಗೆ, ಮುಖ್ಯಸ್ಥರ ಕಾಲುಗಳು ಮಾತ್ರ ಮೇಜಿನ ಕೆಳಗಿನಿಂದ ನನ್ನ ಕಡೆಗೆ ಚಾಚಿಕೊಂಡಿದ್ದವು, ಬೂದು ಸಾಕ್ಸು, ಬೆವರಿನಿಂದ ಒದ್ದೆಯಾಗಿ ಪಾದಕ್ಕೆ ಅಂಟಿದ ಸಾಕ್ಸು, ಬಲಗಾಲಿನದು ತೂತು, ತೂತಿನಿಂದ ಹೆಬ್ಬೆರಳು ಹೊರಗೆ, ಉಗುರು ಹಳದಿ, ಉಗುರಿನ ಸಂದಿಯಲ್ಲಿ ನೂಲು, ಕೆಳಗೆ ಕೂತವಳಿಗೆ ಅದು ಕಾಣದೆ ಇನ್ನೇನು ಕಾಣಬೇಕು, ಮೊಬೈಲಿನಲ್ಲಿ ತಂಬೂರಿ ಹಾಕಿ ಕಣ್ಣು ಮುಚ್ಚಿ ಕಲ್ಯಾಣಿ ಹಾಡಿದೆ, ನಿಷಾದದಲ್ಲಿ ನಿಂತಾಗ ನನಗೇ ಗೊತ್ತಾಯಿತು ಇವತ್ತು ಸ್ವರ ಕೂತಿದೆ ಅಂತ, ಕಣ್ಣು ಬಿಟ್ಟು ವರ್ಣ ಎತ್ತಿಕೊಂಡರೆ ಆ ಹೆಬ್ಬೆರಳು ತಾಳ ಹಾಕುತ್ತಿತ್ತು, ಏಳುತ್ತಿತ್ತು ಬೀಳುತ್ತಿತ್ತು, ಒಂದು ಸಲವೂ ತಪ್ಪಲಿಲ್ಲ, ಎರಡನೇ ಕಾಲಕ್ಕೆ ಹೋದರೆ ಅದೂ ಬಂತು, ಅಂದರೆ ಆತ ಕೇಳುತ್ತಿದ್ದ, ಪೂರ್ತಿ ಕೇಳುತ್ತಿದ್ದ, ಅದೇ ಹೇಸಿಗೆ, ಕಿವುಡನಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ, ಸಾಕು ಅಂತ ಕೈ ಎತ್ತಿದರು, ಹೆಸರು ಹೇಳು, ಶೋಭಿತಾ ಸರ್, ಇನ್ನೊಂದ್ಸಲ ಹೇಳು, ಶೋಭಿತಾ, ನಿಧಾನವಾಗಿ, ಶೋಭಿತಾ, ಆತ ಕಾಯುತ್ತಿದ್ದದ್ದು ನನ್ನ ಬಾಯಲ್ಲಿ ಶೋ ಸೋ ಆಗುವುದಕ್ಕೆ ಅಂತ ಮೂರನೇ ಸಲಕ್ಕೆ ಹೊಳೆಯಿತು, ಪರವಾಗಿಲ್ವೇ ಅಂದರು, ಊರು ಯಾವುದು, ಮಳವಳ್ಳಿ ಕಡೆ ಸರ್, ಅಪ್ಪ ವಿ.ಸಿ. ಫಾರಂನಲ್ಲಿ, ಸೈಂಟಿಸ್ಟಾ, ಅಲ್ಲ ಸರ್ ಗದ್ದೆ ಕೆಲಸ, ಹೂಂ, ಮನೇಲಿ ಯಾವ ದೇವರ ಮುಂದೆ ಕೂತು ಹಾಡ್ತೀಯಾ ಅಂದರು, ಚಂದನಳಿಗೆ ಕೇಳದ ಪ್ರಶ್ನೆ, ಬುದ್ಧನ ಫೋಟೋ ಇದೆ ಸರ್ ಅಂದೆ, ಮೇಡಂ ಮೊಬೈಲು ಕೆಳಗಿಟ್ಟರು, ಪಿಟೀಲು ಮೇಷ್ಟರು ಕಿಟಕಿ ನೋಡಿದರು, ಓ, ಅಂದರು ಮುಖ್ಯಸ್ಥರು, ಆ ಓ ಎಷ್ಟು ಉದ್ದ, ಅದಕ್ಕೇ ನೋಡು, ನಿನ್ನ ಹಾಡಿನಲ್ಲಿ ಸ್ವರ ಇದೆ, ಭಕ್ತಿ ಇಲ್ಲ, ಯೋಚನೆ ಮಾಡ್ಬೇಡ, ನಮ್ಮಂಥವರ ಜೊತೆ ಇದ್ದರೆ ತಾನಾಗೇ ಬರುತ್ತೆ, ಚೆನ್ನಾಗಿ ಹಾಡ್ತಾಳೆ ಸರ್ ಅಂತ ಮೇಡಂ ಮೆಲ್ಲಗೆ ಅಂದರು, ನಾನೇನು ಇಲ್ಲ ಅಂದ್ನಾ, ತಗೋತೀವಿ, ಇಂಥವರಿಗೂ ಅವಕಾಶ ಕೊಡಬೇಕಲ್ಲ, ನಾನು ನಕ್ಕೆ, ಟೀಚರ್ ಹೇಳಿದ್ದರು, ನಕ್ಕೆ, ಹಲ್ಲು ಕಾಣುವಂತೆ ನಕ್ಕೆ, ಆ ನಗು ಈಗಲೂ ದವಡೆಯಲ್ಲಿ ಸಿಕ್ಕಿಕೊಂಡ ಸೀಬೆಬೀಜದ ಹಾಗಿದೆ, ನಾಲಗೆ ಅಲ್ಲಿಗೇ ಹೋಗುತ್ತದೆ.

ಹೊರಗಿದ್ದಾರಾ ನಿಮ್ಮಪ್ಪ, ಕರಿ ಅಂದರು, ಎದ್ದು ಕರೆದೆ, ಅಪ್ಪ ಬಾಗಿಲಲ್ಲೇ ಕೈ ಮುಗಿದ, ಕೈ ಮುಗಿಯುವುದು ಬೇರೆ, ಅದು ಎಲ್ಲರಿಗೂ ಮುಗಿಯುತ್ತಾನೆ, ನಿನ್ನ ಮಗಳದ್ದು ಒಳ್ಳೆ ಕಂಠ ಕಣಯ್ಯ, ಎಲ್ಲಿಂದ ಬಂತು, ನಮ್ಮವ್ವಂದು ಸಾ, ನಮ್ಮವ್ವ ನಾಟಿಗೋದ್ರೆ ಆ ಬಯಲೆಲ್ಲ ಕೇಳದು, ಸೋಬಿತಂಗೂ ಅದೇ ಬಂದದೆ, ಸೋಬಿತ, ಮುಖ್ಯಸ್ಥರು ಮೇಡಂ ಕಡೆ ತಿರುಗಿ ಸಣ್ಣಗೆ ನಕ್ಕರು, ಬೇಕಾದದ್ದು ಸಿಕ್ಕಿತ್ತು, ನೋಡಮ್ಮ ಇಲ್ಲಿ ಗುರುಕುಲದ ಕ್ರಮ, ಸೀಟು ಅಂದ ಕೂಡಲೇ ಮೊದಲು ಗುರುಗಳ ಆಶೀರ್ವಾದ ತಗೋಬೇಕು ಅಂದರು, ಕಾಲು ಇನ್ನಷ್ಟು ಮುಂದೆ ಬಂತು, ಹೆಬ್ಬೆರಳು ಬಂತು, ನಾನು ನಿಂತಿದ್ದೆ, ಮೊಣಕಾಲು ಮಡಚಲಿಲ್ಲ, ಮಡಚಬೇಕು ಅಂತಲೂ ಮಡಚಬಾರದು ಅಂತಲೂ ಅಲ್ಲ, ಮಡಚಲಿಲ್ಲ ಅಷ್ಟೇ, ನಮ್ಮ ಮನೆಯಲ್ಲಿ ಯಾರೂ ಯಾರ ಕಾಲಿಗೂ ಬೀಳುವುದಿಲ್ಲ, ತಾತ ಅಂಕಯ್ಯ ಹಾಕಿದ ಕಟ್ಟಳೆ, ಎಲೆಕ್ಷನ್ನಿಗೆ ಬಂದ ಲೀಡರ ಕಾಲಿಗೆ ಊರೇ ಬಿದ್ದಾಗ ಅಪ್ಪ ಕೈ ಕಟ್ಟಿಕೊಂಡು ನಿಂತವನು, ಎಸ್ಸೆಲ್ಸಿ ಪಾಸಾದ ದಿನ ಗೆಳತಿಯರನ್ನು ನೋಡಿ ನಾನೂ ಅಪ್ಪನ ಕಾಲು ಮುಟ್ಟಲು ಬಗ್ಗಿದರೆ ಮಣಿಕಟ್ಟು ಹಿಡಿದು ಎತ್ತಿ, ಕಾಲ್ಯಾಕವ್ವ, ಕೈ ಕೊಡು ಅಂತ ಕೈ ಕುಲುಕಿದ್ದ, ಒರಟು ಕೈ, ಗದ್ದೆಯ ನೀರಿಗೆ ಬಿರಿದ ಕೈ, ತಂಬೂರಿ ಮೊಬೈಲಿನಲ್ಲಿ ನುಡಿಯುತ್ತಲೇ ಇತ್ತು, ಏನಮ್ಮ ಅಂದರು, ಆಗ ಅಪ್ಪ, ಮಗೀಗೆ ಬಸ್ಸಲ್ಲಿ ಕುಲುಕಿ ಸೊಂಟ ನೋವು ಸಾ, ಬಗ್ಗಕ್ಕಾಗಕಿಲ್ಲ, ಅವಳ್ದು ನಾನೇ ತಗತೀನಿ ಅಂದ, ನಾನು ಬೇಡ ಅನ್ನುವ ಮೊದಲೇ ಬಗ್ಗಿದ್ದ, ಇಸ್ತ್ರಿ ಅಂಗಿ ಬೆನ್ನಿನ ಮೇಲೆ ಬಿಗಿಯಾಯಿತು, ಬಲಗೈ ಬೆರಳುಗಳು ಒದ್ದೆ ಸಾಕ್ಸಿನ ಮೇಲೆ, ತೂತಿನ ಮೇಲೆ, ಹೆಬ್ಬೆರಳಿನ ಮೇಲೆ, ಆತ ಆಶೀರ್ವಾದ ಅನ್ನಲಿಲ್ಲ, ಸರಿ ಸರಿ ಅಂದ, ಮುಂದಿನವರನ್ನ ಕಳಿಸಿ ಅಂದ, ಅಪ್ಪ ಆ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡ.

ಬಸ್ಸು ಹೊರಟಿದೆ, ಗಾಜಿನ ಮೇಲಿನ ಹನಿ ಅಡ್ಡಕ್ಕೆ ಹರಿಯುತ್ತಿದೆ, ಅಪ್ಪ ಫೋನಿಟ್ಟು ಉಳಿದ ವಡೆ ಬಾಯಿಗೆ ಹಾಕಿಕೊಳ್ಳುತ್ತಾನೆ, ಅಪ್ಪ ನಾನು ಅಲ್ಲಿಗೆ ಸೇರಲ್ಲ ಅನ್ನುತ್ತೇನೆ, ಅಗಿಯುವುದು ನಿಲ್ಲುತ್ತದೆ, ಯಾಕವ್ವ, ಯಾಕೆ ಅಂತ ಗೊತ್ತಿಲ್ವಾ, ಗೊತ್ತು ಅನ್ನುತ್ತಾನೆ, ನೀನು ಯಾಕಪ್ಪಾ ಬಗ್ಗಿದೆ, ನೀ ನಿಂತಿದ್ದಲ್ಲ ಅದ್ಕೆ ಅನ್ನುತ್ತಾನೆ, ನೀ ಬಗ್ಗಿದ್ರೆ ನಾನು ಅಲ್ಲೇ ಸೀಟು ಬ್ಯಾಡ ಅಂದ್ಬುಟ್ಟು ಕರ್ಕಬತ್ತಿದ್ದೆ, ನೀ ಬಗ್ನಿಲ್ಲ, ಇನ್ ಅವ್ನು ಸೀಟು ಕಿತ್ಕಬುಟ್ರೆ, ದಿನಾ ಬಗ್ತೀನಿ ಕಣವ್ವ ಗದ್ದೇಲಿ, ಇವತ್ತೊಂದು ದಪ ಜಾಸ್ತಿ ಆಯ್ತು ಬುಡು, ಅದೂ ಇದೂ ಒಂದೇನಪ್ಪ ಅಂದರೆ ಕಿಟಕಿಯಾಚೆ ನೋಡುತ್ತಾನೆ, ಕಬ್ಬು, ಮತ್ತೆ ಕಬ್ಬು, ಒಂದಲ್ಲ ಅನ್ನುತ್ತಾನೆ, ಒಂದಲ್ಲ ಕಣವ್ವ, ಅದ್ಕೇ ನೀ ಓಗ್ಬೇಕು, ಓಗ್ನಿಲ್ಲ ಅಂದ್ರೆ ನಾ ಬಗ್ಗಿದ್ದು ಬರೀ ಬಗ್ಗಿದ್ದೇ ಆಯ್ತದೆ, ದನಿ ಒಡೆಯುತ್ತದೆ, ಅಪ್ಪನ ದನಿ ಒಡೆಯುವುದನ್ನು ನಾನು ಕೇಳಿರಲಿಲ್ಲ, ಈಗ ಕೇಳಿದೆ, ಆಯ್ತು ಓಯ್ತೀನಿ ಬುಡು ಅನ್ನುತ್ತೇನೆ, ಓಯ್ತೀನಿ, ಆ ಕೋಣೆಯಲ್ಲಿ ಬಾಯಿಗೆ ಬರದಂತೆ ಕಾದುಕೊಂಡ ಮನೆಮಾತು ತಾನಾಗಿ ಬಂತು, ಹೋಗುತ್ತೇನೆ, ಆತನ ಎದುರೇ ಕೂತು ಹಾಡುತ್ತೇನೆ, ಕಾಲು ಮುಟ್ಟುವುದಿಲ್ಲ, ಸೊಂಟ ನೋವು ಅಂತಲೂ ಹೇಳುವುದಿಲ್ಲ, ಆಗೋದಿಲ್ಲ ಸರ್ ಅನ್ನುತ್ತೇನೆ, ಹೊರಗೆ ಕಳಿಸಿದರೆ ಕಳಿಸಲಿ — ಗೆಜ್ಜಲಗೆರೆ ದಾಟಿತು, ಫೋನು ಮತ್ತೆ ಅಪ್ಪನ ಕಿವಿಗೆ, ಅವ್ವ, ಕೇಳ್ತಾ, ಸೀಟು ಸಿಕ್ತು ಕಣವ್ವ, ಮಳವಳ್ಳಿ ಕಡೆಯ ಊರಿನಿಂದ ಅಜ್ಜಿ ಪಟ್ಟಲಮ್ಮನ ಕೂಗು, ಅಪ್ಪ ಕಣ್ಣೊರೆಸಿಕೊಂಡು ನಗುತ್ತಾನೆ, ನಿನ್ ಆಡು ಕೇಳ್ಬೇಕಂತೆ, ಒಂಚೂರು ಆಡವ್ವ, ಫೋನು ನನ್ನ ಕೈಗೆ ಬರುತ್ತದೆ, ಎಣ್ಣೆ ಮೆತ್ತಿದ, ಬೆಚ್ಚಗಿನ, ಅದೇ ಕೈ ಹಿಡಿದಿದ್ದ ಫೋನು, ಕಿವಿಗೆ ಇಟ್ಟುಕೊಂಡೆ, ಮುಖ ತಿರುಗಿಸಲಿಲ್ಲ, ಆಚೆ ಅಜ್ಜಿಯ ಉಸಿರು, ಆಡು ಮಗ, ಕೇಳ್ತಾವ್ನಿ, ಬಾಯಿ ತೆರೆಯುತ್ತೇನೆ, ಷಡ್ಜ ಅಲ್ಲೇ ಇದೆ, ಹೊಕ್ಕುಳಿನಿಂದ ಎದ್ದು ಗಂಟಲಿನವರೆಗೂ ಬಂದು ನಿಂತಿದೆ, ಆಡು ಮಗ, ಬೂದು ಸಾಕ್ಸು, ತೂತು, ಆಡು, ಹಳದಿ ಉಗುರು, ಉಗುರಿನ ಮೇಲೆ ಅಪ್ಪನ ಬೆರಳು, ಅಪ್ಪನ ಬೆರಳು —