ಹೊಸ್ತಿಲಾಚೆಯ ಡೊಳ್ಳು

"ಸೋಪು ಎಲ್ಲವ್ವಾ? ಕಾದ ನೀರು ಆರೋಯ್ತಾ ಐತೆ!"

ಹಿತ್ತಿಲಿನಿಂದ ಸಣ್ಣಬೀರಯ್ಯ ಕೂಗಿದಾಗ ರಾಣಿ ಬಿಸ್ಕತ್ತಿನ ಡಬ್ಬದ ಮುಚ್ಚಳವನ್ನು ಉಗುರಿನಿಂದ ಮೀಟುತ್ತಿದ್ದಳು. ಅದು ಬರಲಿಲ್ಲ. ಸೌಟಿನ ಹಿಡಿ ಕೊಟ್ಟು ಒತ್ತಿದ ಮೇಲೆ ಫಟ್ಟೆಂದು ಬಿಚ್ಚಿಕೊಂಡು ಒಳಗಿದ್ದ ಸೋಪುಗಳೆಲ್ಲ ಅಡುಗೆಮನೆಯ ತುಂಬ ಚೆಲ್ಲಾಡಿದವು. ಬೆರಳುದ್ದದವು, ಗುಂಡಗಿನವು, ಎಲೆಯ ಹಾಗಿರುವವು. ಪುಣೆ, ದಿಲ್ಲಿ, ಬೊಂಬಾಯಿ, ಹೈದರಾಬಾದು. ಗಂಡ ನಿಂಗರಾಜು ಡೊಳ್ಳು ಬಡಿಯಲು ಹೋದ ಹೋದ ಊರಿನ ಹೋಟೆಲಿನಿಂದ ತಂದುಕೊಟ್ಟವು. ಆ ಊರುಗಳ ಪೈಕಿ ಒಂದನ್ನೂ ರಾಣಿ ಕಂಡವಳಲ್ಲ. ಸೋಪು ಬಂದರೆ ಅವನು ಬಂದ ಎಂದು ಲೆಕ್ಕ, ಅಷ್ಟೇ.

ಕೈಗೆ ಸಿಕ್ಕಷ್ಟನ್ನು ಸೆರಗಿನಲ್ಲಿ ಬಾಚಿಕೊಂಡು ಹಿತ್ತಿಲಿಗೆ ಹೋದಳು. ನಿಂಗರಾಜುವನ್ನು ಹಲಗೆಯ ಮೇಲೆ ಕೂರಿಸಿ, ಬೀಳದಂತೆ ಇಬ್ಬರು ಹಿಂದಿನಿಂದ ಹಿಡಿದಿದ್ದರು.

"ಇದೇನವ್ವ, ಮಕ್ಕಳಾಟದ ಸಾಮಾನು?" ಸಣ್ಣಬೀರಯ್ಯ ಒಂದು ಸೋಪನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಅವನು ನಿಂಗರಾಜುವಿನ ಚಿಕ್ಕಪ್ಪ, ಬೀರೇದೇವರ ಗುಡಿಯ ಪೂಜೆಯೂ ಅವನದೇ. "ಇದ್ರಾಗೆ ಒಂದು ಕೈ ತೊಳ್ಯಕ್ಕಾಗಲ್ಲ."

"ಎಲ್ಲಾನೂ ಹಚ್ಚಿ ಮಾವ. ಇನ್ಯಾರಿಗೆ ಅಂತ ಮಡೀಕ್ಕಳನ?"

ಒಂದೊಂದೇ ಕಾಗದ ಹರಿದು ಹಚ್ಚಿದರು. ನೊರೆಯ ಜೊತೆಗೆ ಎದ್ದ ವಾಸನೆಗೆ ರಾಣಿ ಮುಖ ತಿರುಗಿಸಿದಳು. ಊರಿಗೆ ಬಂದ ಮೊದಲ ದಿನ ಅವನ ಮೈಯೆಲ್ಲ ಹೀಗೇ ಇರುತ್ತಿತ್ತು, ಯಾರದೋ ಮನೆಯ ವಾಸನೆ. ಎರಡು ದಿನ ಹೊಲದಲ್ಲಿ ಬೆವೆತ ಮೇಲೆ ಅದು ಹೋಗುವುದು. ಅದು ಹೋಗುವ ಹೊತ್ತಿಗೆ ಫೋನು ಬರುವುದು.

ನೆನ್ನೆ ಬೆಂಗಳೂರಿನಲ್ಲಿ ಪ್ರೋಗ್ರಾಂ ಮುಗಿಸಿ ತಂಡದವರೆಲ್ಲ ಕ್ಯಾಲಿಕಟ್ಟಿಗೆ ಹೊರಟಿದ್ದರು. ಬಂಡೀಪುರದ ರಸ್ತೆ ರಾತ್ರಿ ಮುಚ್ಚುತ್ತದೆಂದು ಹುಣಸೂರಿನ ಮೇಲೆ ಗಾಡಿ ಬಿಟ್ಟಿದ್ದರು. ಬೆಳಗಿನ ಜಾವ ಬಿಳಿಕೆರೆಯಲ್ಲಿ ಟೀಗೆ ನಿಲ್ಲಿಸಿ "ನಿಂಗಣ್ಣ, ಟೀ" ಎಂದು ಅಲುಗಾಡಿಸಿದರೆ ನಿಂಗಣ್ಣ ಏಳಲಿಲ್ಲ. ನಿದ್ದೆಯಲ್ಲೇ ಎದೆ ನಿಂತಿತ್ತೆಂದು ಹುಣಸೂರಿನ ಆಸ್ಪತ್ರೆಯಲ್ಲಿ ಹೇಳಿದರು. ಹೊಸ ಅಗ್ರಹಾರದ ಪಕ್ಕದ ಈ ಹಳ್ಳಿ ಅಲ್ಲಿಂದ ದೂರವೇನಲ್ಲ. ಆಂಬುಲೆನ್ಸಿನ ಹಿಂದೆಯೇ ತಂಡದ ಗಾಡಿಯೂ ಬಂತು.

"ದಾರೀಲೇ ಊರಿತ್ತಲ್ಲ, ಅದೊಂದು ಪುಣ್ಯ ಅತ್ತಿಗೆ," ಎಂದಿದ್ದ ಮಹೇಂದ್ರ. ಅವನು ತಂಡದ ಯಜಮಾನ, ಹಾಡುಗಾರ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು. ಅವನನ್ನು ಬೈಯುವುದಕ್ಕೂ ರಾಣಿಗೆ ಬಾಯಿ ಬರಲಿಲ್ಲ.

ಈಗ ಅವನು ಬೀದಿಯ ಕಡೆಯ ಜಗಲಿಯಲ್ಲಿ ಕೂತು ಊರವರಿಗೆ ಹೇಳುತ್ತಿದ್ದ. "ದಿಲ್ಲಿ ಏರ್‌ಪೋರ್ಟಲ್ಲಿ ಇದರೊಳಗೆ ಏನಿದೆ ಅಂತ ಕೇಳಿದ್ರು. ನಮಗೆ ಹೇಳಕ್ಕೇ ಬರಲಿಲ್ಲ. ನಿಂಗಣ್ಣ ಅಲ್ಲೇ ಹೆಗಲಿಗೆ ಹಾಕ್ಕೊಂಡು ಬಾರಿಸಿಬಿಟ್ರು. ಪೊಲೀಸರೂ ಕಾಲು ಕುಣಿಸಿದ್ರು!"

"ಇಮಾನದಾಗೆ ಡೊಳ್ಳಿಗೂ ಒಂದು ಸೀಟಾ?" ಎಂದು ಒಬ್ಬ ಕೇಳಿದ.

"ಅದಕ್ಕೆ ಸೀಟು ಕೊಟ್ಟು ನಿಂಗನ್ನ ಡಿಕ್ಕಿಗಾಕವ್ರೆ ಕಣ್ಲಾ," ಎಂದ ಇನ್ನೊಬ್ಬ. ನಕ್ಕವರು ಒಳಗಿನ ಅಳು ಕೇಳಿ ಸುಮ್ಮನಾದರು.

ನೀರು ತರಲು ಬಾಗಿಲಿಗೆ ಬಂದ ರಾಣಿಗೆ ಗಾಡಿಯ ಮರೆಯಲ್ಲಿ ನಿಂತ ಮಗ ತೇಜಸ್ ಕಂಡ. ಹೆಗಲ ಮೇಲೆ ಒದ್ದೆ ಟವೆಲು, ಅಪ್ಪನ ಕಾರ್ಯಕ್ಕೆಂದು ಮಿಂದು ಬಂದಿದ್ದ. ಮಹೇಂದ್ರ ಎದ್ದು ಹೋಗಿ ಅವನ ತೋಳು ಹಿಡಿದ.

"ನಾಳೆ ಕ್ಯಾಲಿಕಟ್ಟಲ್ಲಿ ಒಂದೇ ಪ್ರೋಗ್ರಾಂ ಕಣೋ. ಟಿಕೆಟ್ ಎಲ್ಲಾ ಹೋಗಿದೆ, ನಿಲ್ಸಕ್ಕಾಗಲ್ಲ. ಅಪ್ಪನ ಜಾಗದಲ್ಲಿ ನೀನು, ಅಪ್ಪನ ಡೊಳ್ಳು. ಅಪ್ಪನ ಹೆಸರು ಹೇಳೇ ಶುರು ಮಾಡ್ತೀನಿ. ಹಾಲು-ತುಪ್ಪದ ಹೊತ್ತಿಗೆ ನಾನೇ ಕಾರು ಮಾಡಿ ಕಳಿಸ್ತೀನಿ."

"ಅವ್ವ ಒಪ್ಪಲ್ಲ ಸರ್."

"ನೀನೇನಂತೀಯ?"

ತೇಜಸ್‌ನ ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ರಾಣಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ. ಅವನ ಅಪ್ಪನ ಬೆರಳೂ ಹೀಗೇ ಮೊದಲು ಹೊರಟು ನಿಲ್ಲುತ್ತಿದ್ದವು. ಮಾತು ಆಮೇಲೆ.

* * *

ಒಂದು ಸಲ ಗಂಡನನ್ನು ದಾರಿಯಲ್ಲೇ ಹಿಡಿಯಬೇಕೆಂದು ಅವಳು ಹೊರಟದ್ದುಂಟು. ಕೇರಳದ ಪ್ರೋಗ್ರಾಂ ಮುಗಿಸಿ ಬೆಂಗಳೂರಿಗೆ, ಅಲ್ಲಿಂದ ನೇರ ಬೊಂಬಾಯಿಗೆ ಹೋಗುತ್ತೇವೆ ಎಂದು ಫೋನು ಮಾಡಿದ್ದ. "ಬಿಳಿಕೆರೇಲಿ ಟೀ ಕುಡ್ದು ಅಂಗೇ ಹೋಗ್ತೀವಿ ಕಣಮ್ಮಿ." ಯಾವಾಗಲೂ ಇದೇ ಮಾತು. ಯುಗಾದಿಗೂ ಬಿಳಿಕೆರೆ, ತಾಯಿ ಸತ್ತ ವರ್ಷದ ಎಡೆಗೂ ಬಿಳಿಕೆರೆ. ಮನೆಯ ಬಾಗಿಲಿಗೆ ಅಷ್ಟು ಹತ್ತಿರ ಬಂದು ಟೀ ಕುಡಿದು ಹೋಗುವ ಗಂಡ ಯಾರಿಗಿದ್ದಾನೆ?

ಉಪ್ಸಾರು, ಮುದ್ದೆ, ಹುರುಳಿಕಾಳಿನ ಪಲ್ಯ ಕ್ಯಾರಿಯರಿಗೆ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಹೋದಳು. ಹೋಟೆಲಿನ ಮುಂದೆ ಬಿಸಿಲಲ್ಲಿ ನಿಂತಳು. ಗಾಡಿ ಬಂತು. ಇಳಿದವರು ಒಬ್ಬೊಬ್ಬರೂ ಕೂದಲು ಕೆದರಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಜಗಳ ಆಡಿ ಬಂದವರ ಹಾಗಿದ್ದರು. ಕೊನೆಗೆ ಇಳಿದವನು ಅವಳನ್ನು ನೋಡಿ ಮೊದಲು ಗುರುತು ಹಿಡಿಯಲಿಲ್ಲ.

"ಯಾವೂರು ಅಂತ್ಲೇ ಗೊತ್ತಾಗ್ನಿಲ್ಲ ಕಣೆ," ಎಂದ ಆಮೇಲೆ, ಮುದ್ದೆ ಮುರಿಯುತ್ತಾ. "ರಾತ್ರಿಯೆಲ್ಲ ಬಡಿಯೋದು, ಹಗಲೆಲ್ಲ ಸೀಟ್ನಾಗೆ ಕುಂತೇ ಮಲಗೋದು. ಸ್ಟೇಜ್ ಮೇಲೆ ಬೋರ್ಡ್ ಹಾಕಿರ್ತಾರಲ್ಲ, ಅದ್ನ ನೋಡಿ ಓಹೋ ಇದು ನಾಗಪುರ ಅನ್ಕೋಬೇಕು. ಆ ಏಸಿ ಹಾಲ್‌ನಾಗೆ ಚರ್ಮ ಸತ್ತೋಯ್ತದೆ. ಬೆಂಕಿ ಕಾಯ್ಸಕ್ಕೆ ಬುಡಾಕಿಲ್ಲ. ಹೆಣ್ಮಕ್ಳು ಕೂದಲು ಒಣಗಿಸ್ತಾರಲ್ಲ, ಆ ಮಿಷನ್ನಾಗೆ ಕಾಯ್ಸ್ತೀನಿ ನೋಡು, ಬೀರಪ್ಪನ ಡೊಳ್ಳಾ."

"ಟಿವಿನಾಗೆ ಬಂದಿತ್ತು. ನಿಮ್ಮ ಮೊಳಕೈ ಕಾಣ್ತು."

"ಮೊಳಕೈನಾ?"

"ಆಮೇಲೆ ಮಹೇಂದ್ರಣ್ಣನ ಮೊಖ. ಆಮೇಲೆ ಜನ. ಆಮೇಲೆ ಇನ್ನೊಂದ್ಸಲ ಮೊಳಕೈ. ಊರೋರೆಲ್ಲ ಸೇರಿ ನೋಡುದ್ವು."

ಅವನು ನಗಲು ಹೋದ, ಆಗಲಿಲ್ಲ. ನಿಂತುಕೊಂಡೇ ಉಣ್ಣುತ್ತಿದ್ದ. ಕೂತರೆ ಸೊಂಟ ಹಿಡಿಯುತ್ತದೆ ಎಂದ. ಎಡ ಹೆಗಲ ಮೇಲೆ ಡೊಳ್ಳಿನ ಹಗ್ಗ ಕೊರೆದು ಕೊರೆದು ಕಪ್ಪು ಗೀರು ಬಿದ್ದಿತ್ತು.

"ಹಂಗಾದ್ರೆ ಇಳಿದುಬುಡಿ," ಎಂದಳು ರಾಣಿ. "ಇಲ್ಲೇ. ನನ್ ಜೊತೆ ಬಸ್ ಹತ್ತಿ. ಎರಡು ದಿನ ಮಲಗಿ ಹೋಗೀವ್ರಂತೆ."

ಅವನು ಕ್ಯಾರಿಯರಿನ ತಟ್ಟೆಯನ್ನು ನೆಕ್ಕಿದ ಹಾಗೆ ಬಳಿದು ಅವಳ ಕೈಗೆ ಕೊಟ್ಟ. "ಇಳಿದ್ರೆ ಇನ್ನೊಂದ್ಸಲ ಹತ್ತಕ್ಕಾಗಲ್ಲ ಕಣಮ್ಮಿ. ಅದಕ್ಕೇ ಇಳಿಯಾಕಿಲ್ಲ."

ಡ್ರೈವರು ಹಾರನ್ ಹೊಡೆದ. ಜೇಬಿನಿಂದ ಎರಡು ಸೋಪು ತೆಗೆದು ಕೊಟ್ಟು ನಿಂಗರಾಜು ಗಾಡಿ ಹತ್ತಿದ.

* * *

ಚಟ್ಟ ಕಟ್ಟುತ್ತಿದ್ದಾಗ ರಾಣಿ ಹೊರಗೆ ಬಂದು ಎಲ್ಲರೆದುರಿಗೂ ಕೇಳಿದಳು. ಕೂಗಾಡಲಿಲ್ಲ. ಕೂಗಾಡಿದರೆ ಗಂಡ ಸತ್ತ ಸಂಕಟ ಎಂದು ಸಮಾಧಾನ ಮಾಡಿ ಒಳಗೆ ಕಳಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

"ಮಾವ, ಅಪ್ಪನ್ನ ಮಣ್ಣು ಮಾಡಿದ ದಿನವೇ ಮಗ ಡೊಳ್ಳು ಹೊರಬೋದಾ? ನೀವು ಗುಡಿಯೋರು, ನೀವೇ ಹೇಳಿ."

ಸಣ್ಣಬೀರಯ್ಯ ಹಗ್ಗ ಬಿಗಿಯುವುದನ್ನು ಬಿಟ್ಟು ಮಹೇಂದ್ರನನ್ನು ನೋಡಿದ, ತೇಜಸ್‌ನನ್ನು ನೋಡಿದ. ಅಣ್ಣನ ಮಗ ಡೊಳ್ಳು ತೆಗೆದುಕೊಂಡು ವಿಮಾನ ಹತ್ತಿದ ಎಂದು ಅವನು ಭೇರ್ಯದ ಸಂತೆಯವರೆಗೂ ಹೇಳಿಕೊಂಡು ಬಂದವನು.

"ಸೂತಕದ ಮನೆ ಡೊಳ್ಳು ತಿಥಿ ಕಳಿಯೋಗಂಟ ಮುಟ್ಟಂಗಿಲ್ಲ, ನಿಜ," ಎಂದ. "ಆದ್ರೆ ಇದು ಹೊಸ್ತಿಲು ದಾಟಿಲ್ವಲ್ಲವ್ವ. ಗಾಡೀಲೇ ಐತೆ. ಸೂತಕ ಮನೆಗೆ, ಗಾಡಿಗಲ್ಲ."

"ಮಗನಿಗೆ?"

"ಮಗ ಗುಡಿಗೆ ಹೋಗಂಗಿಲ್ಲ. ಸ್ಟೇಜು ಗುಡಿ ಅಲ್ವಲ್ಲ."

"ಸ್ಟೇಜು ಗುಡಿ ಅಲ್ದೆ ಇದ್ರೆ ಇಷ್ಟು ವರ್ಸ ಹೋಗೋವಾಗೆಲ್ಲ ಡೊಳ್ಳಿಗೆ ಭಂಡಾರ ಹಚ್ಚಿ, ದೇವರ ಕೆಲ್ಸ ಹೋಗ್ಬುಟ್ಟು ಬಾ ಅಂತ ಯಾಕೆ ಕಳುಸ್ತಿದ್ರಿ? ಅಡ್ಡ ಬಂದ್ರೆ ನನ್ನ ಬಾಯಿ ಮುಚ್ಚುಸ್ತಿದ್ರಲ್ಲ, ದೇವರ ಕೆಲ್ಸ ಅಂತ?"

ಸಣ್ಣಬೀರಯ್ಯ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ.

"ಅತ್ತಿಗೆ, ಇಷ್ಟ ಇಲ್ಲದಿದ್ರೆ ಬೇಡ," ಎಂದ ಮಹೇಂದ್ರ ಮೆಲ್ಲಗೆ. "ಆದ್ರೆ ಅವನಿಗೂ ಒಂದು ದಾರಿ ಆಗುತ್ತೆ ಅಂತ."

ದಾರಿ ಎಂಬ ಮಾತಿಗೆ ರಾಣಿಯ ಮೈಯೆಲ್ಲ ಉರಿಯಿತು. ಅವನಪ್ಪನಿಗೆ ಆದದ್ದೂ ಅದೇ, ಬರೀ ದಾರಿ.

"ಅವ್ವ, ತಾತನೇ ಹೇಳ್ತಾ ಅವ್ನಲ್ಲ. ಒಂದೇ ಸಲ," ಎಂದ ತೇಜಸ್, ನೆಲ ನೋಡುತ್ತ.

"ನಿಮ್ಮಪ್ಪನೂ ಒಂದೇ ಸಲ ಅಂತ್ಲೇ ಹೋಗಿದ್ದು ಕಣಪ್ಪ. ನೀನಾಗ ತೊಟ್ಲಾಗಿದ್ದೆ."

ಪಕ್ಕದ ಮನೆಯ ಸುನಂದಮ್ಮ ಅವಳ ಭುಜ ಹಿಡಿದಳು. "ಬುಡು ಕಣಕ್ಕ. ಹೆಣ ಮುಂದಿಟ್ಕೊಂಡು ಯಾಕೆ? ಗಂಡಸ್ರ ಮಾತು ಗಂಡಸ್ರು ಆಡ್ಕತಾರೆ. ಡೊಳ್ಳು ಹೆಂಗಸ್ರು ಮುಟ್ಟೋದೂ ಅಲ್ಲ, ಹೊಡೆಯೋದೂ ಅಲ್ಲ."

ಅದು ನಿಜ. ಈ ಮನೆಗೆ ಬಂದಂದಿನಿಂದ ಗೂಟದಲ್ಲಿ ತೂಗುತ್ತಿದ್ದ ಡೊಳ್ಳಿನ ಕೆಳಗೆ ಮಲಗಿದ್ದಾಳೆ, ಅದರ ಸುತ್ತಲೂ ಗುಡಿಸಿದ್ದಾಳೆ. ಧೂಳು ಒರೆಸಲೂ ಮುಟ್ಟಿದವಳಲ್ಲ.

ನಿಂಗರಾಜುವನ್ನು ಎತ್ತಿದರು. ಹೆಂಗಸರು ಊರಬಾಗಿಲ ತನಕ ಹೋಗಿ ಹಿಂದಿರುಗಿದರು. ಅವನನ್ನು ಮಲಗಿಸಿದ್ದ ಜಾಗವನ್ನು ಸುನಂದಮ್ಮ ಸಾರಿಸಿ ದೀಪ ಹಚ್ಚಿಟ್ಟಳು. ರಾಣಿ ತಲೆಗೆ ನೀರು ಹಾಕಿಕೊಂಡು ಬಂದು ಒದ್ದೆ ಸೀರೆಯಲ್ಲೇ ಅದರ ಮುಂದೆ ಕೂತಳು. ಅಳು ಬರುತ್ತದೆಂದು ಕಾದಳು. ಬರಲಿಲ್ಲ. ಬದಲಿಗೆ ಕಿಟಕಿಯಿಂದ ಗಾಡಿಯ ಬಾಗಿಲು ಕಾಣುತ್ತಿತ್ತು. ಸೀಟಿನ ಮೇಲೆ ತೇಜಸ್‌ನ ಬ್ಯಾಗು ಆಗಲೇ ಕೂತಿತ್ತು. ಮಣ್ಣಿಗೆ ಹೋಗುವ ಮುಂಚೆಯೇ ಇಟ್ಟು ಹೋಗಿದ್ದ.

"ಸುನಂದಾ, ಅದು ಚಿನ್ನು ಮದುವೇಲಿ ನೀನು ಕೊಟ್ಟ ಬ್ಯಾಗಲ್ವಾ?"

"ಅದೇ ಕಣಕ್ಕ."

ಚಿನ್ನು ಸುನಂದಮ್ಮನ ಮಗಳು. ಮದುವೆಗೆ ನಿಂಗರಾಜು ಬರಲಿಲ್ಲ, ಗುವಾಹಟಿಯಲ್ಲಿದ್ದ.

ಮಣ್ಣು ಮಾಡಿದವರು ಹಿಂದಿರುಗಿ, ಕಾಲು ತೊಳೆದು, ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಂತು ದೀಪ ನೋಡಿ ಹೋದರು. ಬಿಸಿಲು ಇಳಿಯುತ್ತಿತ್ತು.

"ಕತ್ಲಾಗೋದ್ರೊಳಗೆ ಗೋಣಿಕೊಪ್ಪ ದಾಟಬೇಕು," ಎಂದು ಡ್ರೈವರು ಇಂಜಿನ್ನು ಶುರು ಮಾಡಿದ. ತೇಜಸ್ ದೀಪಕ್ಕೆ ಕೈಮುಗಿದು ಅವಳ ಮುಂದೆ ಕೂತ. "ಹೋಗ್ಬುಟ್ಟು ಬತ್ತೀನಿ ಅವ್ವ. ಹಾಲು-ತುಪ್ಪಕ್ಕೆ ಬಂದ್ಬುಡ್ತೀನಿ."

ರಾಣಿ ಅವನ ತಲೆ ಸವರಿದಳು. ಎದ್ದಳು. ಅವನನ್ನು ದಾಟಿಕೊಂಡು ಬೀದಿಗೆ ಇಳಿದು, ಗಾಡಿಯ ಹಿಂದಿನ ಬಾಗಿಲು ಎಳೆದು ಒಳಗೆ ಹತ್ತಿದಳು.

"ಅತ್ತಿಗೆ, ಏನು ಬೇಕು? ನಾವು ಕೊಡ್ತೀವಿ," ಎಂದು ಮಹೇಂದ್ರ ಓಡಿ ಬಂದ.

ಅವಳು ಎರಡು ಪೆಟ್ಟಿಗೆ ಆಚೆಗೆ ತಳ್ಳಿ, ಹಳೆಯ ಕಂಬಳಿ ಸುತ್ತಿದ್ದ ಡೊಳ್ಳನ್ನು ತಬ್ಬಿ ಹಿಡಿದಳು.

"ಮುಟ್ಬುಟ್ಲಲ್ಲೋ!" ಎಂದ ಸಣ್ಣಬೀರಯ್ಯ. "ಏ ರಾಣಿ! ಹೆಂಗಸು ಮುಟ್ಟಂಗಿಲ್ಲ ಕಣವ್ವ!"

"ಗಾಡೀಲಿದ್ರೆ ಸೂತಕ ಇಲ್ಲ ಅಂದ್ರಲ್ಲ ಮಾವ," ಎಂದಳು ರಾಣಿ. "ಅದುಕ್ಕೇ ಮನೆಗೆ ತಕ್ಕೊಂಡೋಯ್ತಾ ಇವ್ನಿ."

ಹಗ್ಗವನ್ನು ಕೊರಳಿಗೆ ಹಾಕಿಕೊಂಡು ಇಳಿದಳು. ಅದು ಇಷ್ಟು ಭಾರವೆಂದು ಅವಳಿಗೆ ಗೊತ್ತಿರಲಿಲ್ಲ. ಹೆಜ್ಜೆ ಇಟ್ಟಾಗಲೆಲ್ಲ ಮಂಡಿಗೆ ಬಡಿಯುತ್ತಿತ್ತು. ಹಗ್ಗ ಹೆಗಲಿಗೆ ಇಳಿದು ಕೊರೆಯಿತು. ಇದನ್ನು ಹೊತ್ತುಕೊಂಡು ಅವನು ಕುಣಿಯುತ್ತಿದ್ದನೇ? ಕಂಬಳಿ ಜಾರಿ ಬಿತ್ತು. ಯಾರೂ ಹತ್ತಿರ ಬರಲಿಲ್ಲ. ತಡೆಯಬೇಕಾದರೆ ಡೊಳ್ಳನ್ನೋ ಅವಳನ್ನೋ ಮುಟ್ಟಬೇಕು, ಎರಡಕ್ಕೂ ಧೈರ್ಯ ಬೇಕು.

ಬಾಗಿಲಲ್ಲಿ ಬೀದಿಯ ಕಡೆ ತಿರುಗಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ಅವಳು ಒಳಗೆ ಹೋದಳು, ಡೊಳ್ಳು ಹೋಗಲಿಲ್ಲ. ಅಡ್ಡಡ್ಡ ಹಿಡಿದಿದ್ದರಿಂದ ಬಾಗಿಲುವಾಡಕ್ಕೆ ಸಿಕ್ಕಿಕೊಂಡಿತು. ಅವಳು ಎಳೆದಳು. ಚರ್ಮ ಮರಕ್ಕೆ ಬಡಿದು ಢಂ ಎಂದಿತು.

ಬೀದಿಯುದ್ದಕ್ಕೂ ಕೇಳಿಸಿತು. ಸಾವಿನ ಮನೆಯಲ್ಲಿ ಡೊಳ್ಳಿನ ಸದ್ದು ಆ ಊರು ಕೇಳಿದ್ದೇ ಇಲ್ಲ. ಸಣ್ಣಬೀರಯ್ಯ ತಲೆಯ ಮೇಲೆ ಕೈ ಇಟ್ಟುಕೊಂಡ.

ರಾಣಿ ಮತ್ತೆ ಎಳೆದಳು. ಹಗ್ಗ ಹೆಗಲಿನಿಂದ ಕಳಚಿ ಕೈ ಜಾರಿತು. ಡೊಳ್ಳು ಹೊಸ್ತಿಲ ಮೇಲೆ ಬೀಳಬೇಕು, ಅಷ್ಟರಲ್ಲಿ ಆ ಬದಿಯಿಂದ ಎರಡು ಕೈ ಬಂದು ಅದರ ಹೊಟ್ಟೆಯನ್ನು ಹಿಡಿದವು. ಅವಳ ಹಿಂದೆಯೇ ಬೀದಿಗೆ ಇಳಿದಿದ್ದ ತೇಜಸ್ ಎರಡೇ ನೆಗೆತಕ್ಕೆ ಗಾಡಿಯ ಬಳಿಯಿಂದ ಬಂದಿದ್ದ. ಯೋಚಿಸಿ ಬಂದದ್ದಲ್ಲ. ಡೊಳ್ಳು ಬೀಳುವುದನ್ನು ನೋಡಿಕೊಂಡು ನಿಲ್ಲಲು ಅವನಪ್ಪ ಅವನಿಗೆ ಕಲಿಸಿರಲಿಲ್ಲ.

ಡೊಳ್ಳು ಬಾಗಿಲಲ್ಲಿ ಸಿಕ್ಕಿಕೊಂಡೇ ನಿಂತಿತು, ಒಳಗೆ ತಾಯಿ, ಹೊರಗೆ ಮಗ. ಅದರ ಮೇಲಿಂದ ಅವರಿಬ್ಬರ ಕಣ್ಣು ಮಾತ್ರ ಕಾಣುತ್ತಿದ್ದವು. ರಾಣಿ ಎಳೆಯುವುದನ್ನು ನಿಲ್ಲಿಸಿದಳು.

ಬೀದಿಯಲ್ಲಿ ಹಾರನ್ ಕೂಗಿತು. ಮತ್ತೊಮ್ಮೆ ಕೂಗಿತು, ಈ ಸಲ ಸ್ವಲ್ಪ ಉದ್ದಕ್ಕೆ.

ತೇಜಸ್ ಕುತ್ತಿಗೆ ತಿರುಗಿಸಿ ಆ ಕಡೆ ನೋಡಿದ. ಮತ್ತೆ ಈ ಕಡೆ ತಿರುಗಿ, ಡೊಳ್ಳಿನ ಕೆಳಗೆ ಒಂದು ಕೈ ಕೊಟ್ಟು ಭಾರ ತನ್ನ ಮೇಲೆ ತೆಗೆದುಕೊಂಡ.

"ವಸಿ ಓರೆ ಮಾಡವ್ವ," ಎಂದ. "ನಿನ್ ಕಡೆಗೆ."