ಶನಿವಾರದ ಆಟ, ಭಾನುವಾರದ ನವಮಿ

ಸ್ಯಾನ್ ಡಿಯಾಗೋದ ಕನ್ನಡದವರು ಒಂದೇ ಒಂದು ಕೆಲಸಕ್ಕೆಂದು ಲಾಸ್ ಏಂಜಲಿಸ್‌ಗೆ ಹೋಗಿ ಬಂದದ್ದನ್ನು ಯಾರಾದರೂ ಕಂಡಿದ್ದರೆ ಹೇಳಲಿ, ನಾನು ಕಂಡಿಲ್ಲ. ಹೊರಡುವುದೇನೋ ಒಂದೇ ಕೆಲಸಕ್ಕೆ. ಆದರೆ 'ಹೇಗೂ ಅಷ್ಟು ದೂರ ಹೋಗ್ತೀವಲ್ಲ' ಎಂಬ ಮಾತು ಒಮ್ಮೆ ಯಾರ ಬಾಯಿಂದಲಾದರೂ ಬಿತ್ತೋ, ಕಥೆ ಮುಗಿಯಿತು. ಅರ್ವೈನ್‌ನಲ್ಲಿ ಅತ್ತಿಗೆಯ ತಮ್ಮನಿಗೆ ಮಗುವಾಗಿದೆ, ನೋಡದೆ ಬಂದರೆ ಏನೆಂದುಕೊಂಡಾರು? ಆರ್ಟೀಷಿಯಾದ ಅಂಗಡಿಗೆ ಬ್ಯಾಡಗಿ ಮೆಣಸಿನಕಾಯಿ ಬಂದಿದೆಯಂತೆ. ಮಾಲಿಬು ಗುಡ್ಡದ ತಿಮ್ಮಪ್ಪನಿಗೆ ಮುಖ ತೋರಿಸಿ ಎಷ್ಟು ಕಾಲವಾಯಿತು!

ಚಂದ್ರಮೋಹನ್ ಅಂಥ ಪ್ರಯಾಣಗಳ ಸೇನಾಪತಿ. ಬೆಂಗಳೂರಿನವನು, ಟೆಲಿಕಾಂ ಎಂಜಿನಿಯರು. ಆ ಬುಧವಾರ ಸಂಜೆ ಕಾರ್ಮೆಲ್ ವ್ಯಾಲಿಯ ತನ್ನ ಮನೆಯ ಊಟದ ಮೇಜಿನ ಮೇಲೆ ಬೀದಿ ನಕ್ಷೆಗಳ ದಪ್ಪ ಪುಸ್ತಕ ಹರಡಿಕೊಂಡು, ಹಳದಿ ಮಾರ್ಕರಿನಿಂದ ಗೆರೆ ಎಳೆಯುತ್ತ ಕೂತಿದ್ದ. ಎದುರಿಗೆ ಮೋಹನದಾಸ. ಉಡುಪಿಯವನು, ಲಾ ಹೋಯಾದ ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ, ಯೂನಿವರ್ಸಿಟಿ ಸಿಟಿಯ ಮನೆಯಲ್ಲಿ ಈಗ ಒಬ್ಬನೇ.

"ನೋಡಿ, ಶುಕ್ರವಾರ ಸಾಯಂಕಾಲ ಹೊರಡೋದು. ರಾತ್ರಿ ಅರ್ವೈನ್‌ನಲ್ಲಿ ಸ್ಟೇ. ಶನಿವಾರ ಪಸಡೀನಾದಲ್ಲಿ ನಿಮ್ಮ ಮಗಳ ಫುಟ್‌ಬಾಲ್ ಗೇಮು. ಭಾನುವಾರ ಬೆಳಿಗ್ಗೆ ನಾರ್ವಾಕ್‌ನಲ್ಲಿ ಭಟ್ರ ಮನೆ, ಕುಮುದಾ ಅವರ ನವಮಿ. ಊಟ ಆದ್ಮೇಲೆ ಪಕ್ಕದಲ್ಲೇ ಆರ್ಟೀಷಿಯಾ. ಸ್ವಾಮಿಕಾರ್ಯಾನೂ ಆಯ್ತು, ಸ್ವಕಾರ್ಯಾನೂ ಆಯ್ತು. ಏನಂತೀರ?"

"ಹೂಂ," ಎಂದ ಮೋಹನದಾಸ.

"ಮಾಲಿಬು ಸೇರಿಸ್ಲಾ?"

"ಹೂಂ."

ಅವನು ಕೇಳಿಸಿಕೊಂಡು ಹೂಂಗುಟ್ಟುತ್ತಿದ್ದನೋ, ಸುಮ್ಮನೆ ಹೂಂಗುಟ್ಟುತ್ತಿದ್ದನೋ ಆ ದೇವರೇ ಬಲ್ಲ. ಹೆಂಡತಿ ಕುಮುದಾ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಅವನು ಅಳಲಿಲ್ಲ, ಬೂದಿ ಬಿಡುವಾಗ ಅಳಲಿಲ್ಲ, ವರ್ಷಾಂತಿಕದಲ್ಲೂ ಅಳಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವನ ಒಳಗೆಲ್ಲ ಜೋಮು ಹಿಡಿದಿತ್ತು. ಕೆಲಸಕ್ಕೆ ಹೋಗುತ್ತಿದ್ದ, ಅನ್ನ ಮಾಡಿಕೊಳ್ಳುತ್ತಿದ್ದ, ಟೀವಿ ಹಾಕುತ್ತಿದ್ದ. ಟೀವಿಯಲ್ಲಿ ಏನು ಬಂತು ಎಂದು ಕೇಳಿದರೆ ಗೊತ್ತಿಲ್ಲ. ಊರಿನ ಜನ 'ಎಷ್ಟು ಧೈರ್ಯಸ್ಥ' ಎಂದು ಹೊಗಳಿದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ.

ಈ ಪ್ರಯಾಣಕ್ಕೆ ಮೂಲವಾದದ್ದು ಹಿಂದಿನ ಭಾನುವಾರ ಬಂದ ಫೋನು. ಮಗಳು ನಿಶ್ಮಿತಾ ಲಾಸ್ ಏಂಜಲಿಸ್‌ನಲ್ಲಿ ಎರಡನೇ ವರ್ಷದ ಕಾಲೇಜು ಓದುತ್ತಿದ್ದಳು, ಕಾಲೇಜಿನ ಬ್ಯಾಂಡಿನಲ್ಲಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪನ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಬಾಸ್ಟನ್ನಿನ ಕಾಲೇಜಿನವರು ನನ್ನನ್ನು ತಗೊಳ್ತಾರಂತೆ. ಜನವರಿಯಿಂದ. ಹೋಗಲಾ ಅಪ್ಪ?"

"ನಿನಗೆ ಸರಿ ಕಂಡ ಹಾಗೆ ಮಾಡು ಮಗಾ."

ಆ ಕಡೆಯಿಂದ ಅವಳು ಒಂದೇ ಉಸಿರಿಗೆ ಹೇಳಿದಳು: "ಶನಿವಾರ ಪಸಡೀನಾದಲ್ಲಿ ಆಟ ಇದೆ. ಮಧ್ಯಂತರದಲ್ಲಿ ನಮ್ಮ ಬ್ಯಾಂಡು. ಹೈಸ್ಕೂಲಲ್ಲಿ ಅಮ್ಮ ಒಂದು ಆಟವನ್ನೂ ತಪ್ಪಿಸಲಿಲ್ಲ, ನೀನು ಒಂದಕ್ಕೂ ಬರಲಿಲ್ಲ. ಈ ಸಲ ಬಾ. ಬಂದರೆ ಕೂತು ಮಾತಾಡೋಣ. ಬರದಿದ್ದರೆ ಸೋಮವಾರ ನಾನು ಬಾಸ್ಟನ್ನಿನವರಿಗೆ ಬರ್ತೀನಿ ಅಂತ ಹೇಳಿಬಿಡ್ತೀನಿ."

"ಬರ್ತೇನೆ," ಎಂದಿದ್ದ ಮೋಹನದಾಸ. ಫೋನಿಟ್ಟ ಮೇಲೆ ತನಗೆ ಹೆದರಿಕೆಯಾಗಬೇಕಿತ್ತು ಎಂದು ಅವನಿಗೆ ಅನ್ನಿಸಿತು. ಆಗಲಿಲ್ಲ.

ಇನ್ನು ನವಮಿಯ ವಿಷಯ. ಪಿತೃಪಕ್ಷದ ಒಂಬತ್ತನೆಯ ದಿನ ಅವಿಧವಾ ನವಮಿ. ಗಂಡನಿಗಿಂತ ಮೊದಲು, ಮುತ್ತೈದೆಯಾಗಿಯೇ ಹೋದ ಹೆಂಗಸಿಗೆ ಮೀಸಲಾದ ದಿನ. ಅವತ್ತು ಒಬ್ಬ ಮುತ್ತೈದೆಯನ್ನು ಕರೆದು, ಹೋದವಳೇ ಬಂದಳೆಂದು ಭಾವಿಸಿ, ಎಲೆ ಹಾಕಿ ಬಡಿಸಿ, ಸೀರೆ, ಬಳೆ, ಅರಿಸಿನ ಕುಂಕುಮ ಕೊಟ್ಟು ಕಳಿಸಬೇಕು. ಗಂಡ ಬದುಕಿರುವವರೆಗೆ ಮಾತ್ರ ಇದು ನಡೆಯುತ್ತದೆ ಎಂದು ಅವರ ಮನೆಯಲ್ಲಿ ರೂಢಿ. ಎಲೆಯ ಮುಂದೆ ಕೂರಲು ಚಂದ್ರಮೋಹನನ ಹೆಂಡತಿ ಶೋಭಾ ಒಪ್ಪಿದ್ದಳು. ಕುಮುದಾಗೆ ಈ ದೇಶದಲ್ಲಿ ಅಕ್ಕ, ತಂಗಿ, ಗೆಳತಿ ಎಲ್ಲ ಅವಳೇ ಆಗಿದ್ದಳು. ಮೋಹನದಾಸನ ಅಡುಗೆಮನೆಯ ಗೋಡೆಯಲ್ಲಿ ಉಡುಪಿಯಿಂದ ಅಕ್ಕ ಕಳಿಸಿದ ಕ್ಯಾಲೆಂಡರು ನೇತಾಡುತ್ತಿತ್ತು. ನವಮಿ ಭಾನುವಾರ ಎಂದು ಅದರಲ್ಲಿ ಕೆಂಪಕ್ಷರದಲ್ಲೇ ಇತ್ತು.

ಗುರುವಾರ ನಾರ್ವಾಕ್‌ನಿಂದ ಭಟ್ಟರ ಫೋನು ಬಂತು.

"ಮೋಹನದಾಸರೇ, ಭಾನುವಾರ ಅಂತ ಹೇಳಿದ್ದಿರಲ್ಲ, ಯಾವ ಪಂಚಾಂಗ ನೋಡಿದ್ದು ನೀವು?"

"ಊರಿಂದು."

"ಅದೇ ಎಡವಟ್ಟು ಆದದ್ದು! ಊರಲ್ಲಿ ಭಾನುವಾರ ಮಧ್ಯಾಹ್ನ ಆದರೆ ನಮಗಿಲ್ಲಿ ಇನ್ನೂ ಶನಿವಾರದ ರಾತ್ರಿ ಮಾರಾಯ್ರೆ. ನಮಗೆ ಭಾನುವಾರ ಬೆಳಗಾಗುವಾಗ ನವಮಿ ಮುಗಿದು ದಶಮಿ ಬಂದಿರ್ತದೆ. ಇಲ್ಲಿಯ ಲೆಕ್ಕಕ್ಕೆ ನವಮಿ ಶನಿವಾರವೇ. ಶನಿವಾರ ಮಧ್ಯಾಹ್ನ ಎಲೆ ಹಾಕಬೇಕು. ನಿಮಗೆ ತೊಂದರೆ ಉಂಟಾದರೆ ಅಮಾವಾಸ್ಯೆಗೆ ಮಾಡುವ, ಶಾಸ್ತ್ರದಲ್ಲಿ ಅವಕಾಶ ಉಂಟು."

"ಬೇಡ, ಶನಿವಾರವೇ ಆಗಲಿ," ಎಂದುಬಿಟ್ಟ ಮೋಹನದಾಸ.

ಎಷ್ಟೋ ತಿಂಗಳ ಮೇಲೆ ಹೂಂ ಅಲ್ಲದ ಒಂದು ಮಾತು ಅವನ ಬಾಯಿಂದ ಬಂದಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಹಗುರವೆನಿಸಿತು. ಶನಿವಾರ ಭಟ್ಟರು ಹೇಳಿದ ಕಡೆ ನೀರು ಬಿಟ್ಟರಾಯಿತು, ಎಳ್ಳು ಹಾಕು ಎಂದಲ್ಲಿ ಹಾಕಿದರಾಯಿತು. ಯಾರೂ 'ಕೂತು ಮಾತಾಡೋಣ' ಎನ್ನುವುದಿಲ್ಲ. ಮಗಳಿಗೂ ಕಾರಣ ಹೇಳಬಹುದು. ಅಮ್ಮನ ಕಾರ್ಯಕ್ಕಿಂತ ದೊಡ್ಡದು ಯಾವುದು? ಹೀಗೆ ಲೆಕ್ಕ ಹಾಕಿಕೊಂಡು ಅವನು ಚಂದ್ರಮೋಹನನ ಮನೆಗೆ ಹೊರಟ. ಕಳ್ಳನಿಗೊಂದು ಪಿಳ್ಳೆ ನೆವ.

ಚಂದ್ರಮೋಹನ್ ವಿಷಯ ಕೇಳಿದ್ದೇ ತಡ ನಕ್ಷೆ ತೆಗೆದ. "ಅಯ್ಯೋ, ಅದಕ್ಕೇನು ಬಿಡ್ರೀ. ಗೇಮು ಕ್ಯಾನ್ಸಲ್. ಶನಿವಾರ ಭಟ್ರ ಮನೆ, ಭಾನುವಾರ ಮಾಲಿಬು. ಇನ್ನೂ ಆರಾಮಾಗಿ—"

"ಸ್ವಲ್ಪ ಸುಮ್ನಿರ್ತೀರಾ?" ಎಂದಳು ಶೋಭಾ. ಅವಳು ಒಲೆಯ ಬೆಂಕಿ ಆರಿಸಿ ಬಂದು ಮೋಹನದಾಸನ ಎದುರು ನಿಂತಳು. "ಅಮಾವಾಸ್ಯೆಗೆ ಮಾಡಬಹುದು ಅಂತ ಭಟ್ರು ಹೇಳಲಿಲ್ವಾ?"

"ಹೇಳಿದ್ರು."

"ಮತ್ತೆ?"

"ನವಮಿ ನವಮಿಯೇ ಅಲ್ವಾ ಶೋಭಾ ಅವರೇ. ಅವಳಿಗೆ ಸಲ್ಲಬೇಕಾದ್ದು."

"ಅವಳ ಹೆಸರು ಅಡ್ಡ ಇಟ್ಕೋಬೇಡಿ," ಎಂದಳು ಶೋಭಾ. ಅವಳ ಕಣ್ಣು ಕೆಂಪಾಗಿತ್ತು. "ಎಲೆ ಮುಂದೆ ಕೂತ್ಕೊಳ್ಳೋಳು ನಾನು ತಾನೇ? ಕುಮುದಾ ಅಂತ ಭಾವಿಸಿ ಬಡಿಸೋದು ನನಗೆ ತಾನೇ? ಹಾಗಾದ್ರೆ ಕುಮುದಾ ಆಗೇ ಹೇಳ್ತಿದೀನಿ, ಕೇಳಿ. ಶನಿವಾರ ನಾನು ಊಟಕ್ಕೆ ಬರಲ್ಲ. ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

"ಶೋಭಾ!" ಎಂದ ಚಂದ್ರಮೋಹನ್. ಶ್ರಾದ್ಧದ ಊಟಕ್ಕೆ ಒಪ್ಪಿ ಆಮೇಲೆ ಒಲ್ಲೆ ಎನ್ನುವವರುಂಟೇ?

"ಸತ್ತೋರು ಅಮಾವಾಸ್ಯೆ ತನಕ ಕಾಯ್ತಾರೆ ರೀ. ಅವರಿಗೇನು ಅರ್ಜೆಂಟು? ಆ ಹುಡುಗಿ ಸೋಮವಾರದ ಮೇಲೆ ಕಾಯಲ್ಲ. ಇವರು ಹೋಗದೆ ಇರೋಕೆ ದಾರಿ ಹುಡುಕ್ತಿದ್ದಾರೆ, ನೀವು ಅದಕ್ಕೆ ಮ್ಯಾಪ್ ಹಾಕಿ ಕೊಡ್ತಿದೀರ."

ಮೋಹನದಾಸನಿಗೆ ಕೋಪ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಸಿಕ್ಕಿಬಿದ್ದೆ ಎಂದಷ್ಟೇ ಗೊತ್ತಾಯಿತು. ಅವನು ಅಲ್ಲಿಂದಲೇ ಭಟ್ಟರಿಗೆ ಫೋನು ಮಾಡಿ ಅಮಾವಾಸ್ಯೆಗೆ ಗೊತ್ತುಮಾಡಿದ. ಚಂದ್ರಮೋಹನ್ ಒಲ್ಲದ ಮನಸ್ಸಿನಿಂದ ಮಾಲಿಬುವನ್ನೂ ಆರ್ಟೀಷಿಯಾವನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿದ. ಅರ್ವೈನ್ ಮಾತ್ರ ಉಳಿಯಿತು. ಬಾಣಂತಿಗೆ ಆಗಲೇ ಬರುತ್ತೇವೆಂದು ಹೇಳಿಯಾಗಿತ್ತು.

ಶುಕ್ರವಾರ ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳಿ ಅರ್ವೈನ್ ಮುಟ್ಟಿದರು. ಅಲ್ಲಿ ಮಗುವನ್ನು ಮೋಹನದಾಸನ ತೊಡೆಯ ಮೇಲೂ ಹಾಕಿದರು. ಅವನು ಅದನ್ನು ಬೀಳದ ಹಾಗೆ ಹಿಡಿದುಕೊಂಡಿದ್ದು, ಕೇಳಿದಾಗ ವಾಪಸು ಕೊಟ್ಟ. ಶನಿವಾರ ಬೆಳಿಗ್ಗೆ ಅವಲಕ್ಕಿ ತಿಂದು ಹೊರಟು ಪಸಡೀನಾ ತಲುಪುವಾಗ ಹುಲ್ಲಿನ ಮೈದಾನದ ತುಂಬ ಸಾವಿರಾರು ಕಾರು. ಕಾರಿನ ಹಿಂದೆ ಒಲೆ ಹಚ್ಚಿ ಮಾಂಸ ಸುಡುವವರು, ಮುಖಕ್ಕೆ ಬಣ್ಣ ಬಳಿದುಕೊಂಡ ಮುದುಕರು.

"ನಮ್ಮೋರ ಜಾತ್ರೆಗೆ ನಗ್ತಾರೆ, ಇದೇನಂತೆ?" ಎಂದಳು ಶೋಭಾ. ಅವಳ ಕೈಚೀಲದಲ್ಲಿ ಕೋಡುಬಳೆಯ ಪೊಟ್ಟಣವಿತ್ತು.

ಆಟ ಶುರುವಾಯಿತು. ಚಂದ್ರಮೋಹನ್ ವಿವರಿಸಿದ, ಅರ್ಧ ತಪ್ಪು, ಅರ್ಧ ಊಹೆ. ಸುತ್ತಲಿನ ಜನ ಎದ್ದು ಕಿರುಚಿದಾಗ ಮೂವರೂ ಏಳುತ್ತಿದ್ದರು, ಕೂತಾಗ ಕೂರುತ್ತಿದ್ದರು. ಕೊನೆಗೆ ಮಧ್ಯಂತರ ಬಂತು. ನಗಾರಿಯ ಸದ್ದಿಗೆ ಬ್ಯಾಂಡು ಮೈದಾನಕ್ಕೆ ಇಳಿಯಿತು.

ಮೋಹನದಾಸ ಮುಂದಕ್ಕೆ ಬಾಗಿದ. ಇನ್ನೂರು ಜನವಿದ್ದರೋ ಮುನ್ನೂರು ಜನವೋ! ಎಲ್ಲರಿಗೂ ಒಂದೇ ಕೋಟು, ಒಂದೇ ಟೋಪಿ, ಟೋಪಿಯ ಮೇಲೆ ಒಂದೇ ಬಿಳಿ ಗರಿ, ಮೂಗಿನವರೆಗೂ ನೆರಳು. ನಿಶ್ಮಿತಾ ಕೊಳಲು ನುಡಿಸುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕೊಳಲಿನ ಸಾಲು ಹುಡುಕಿದ. ಸಿಕ್ಕಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೊಂದೇ ಮುಖ ನೋಡಿದ. ಇವಳಾ? ಅಲ್ಲ, ಎತ್ತರ ಹೆಚ್ಚು. ಇವಳಾ? ಸಾಲುಗಳು ತಿರುಗಿದವು, ಒಂದರೊಳಗೊಂದು ಹೊಕ್ಕು ಬೇರೆಯಾದವು, ಅವನು ನೋಡಿ ಮುಗಿಸಿದ ಮುಖಗಳೆಲ್ಲ ಕಲಸಿಹೋದವು. ಮತ್ತೆ ಮೊದಲಿನಿಂದ ಹುಡುಕಿದ. ಶೋಭಾಳನ್ನು ಕೇಳೋಣವೆಂದರೆ ಅವಳೂ ಕತ್ತು ಚಾಚಿ ಹುಡುಕುತ್ತಿದ್ದಳು. ನನ್ನ ಮಗಳು ನನಗೆ ಸಿಗುತ್ತಿಲ್ಲ, ಎಂದುಕೊಂಡ. ಅಷ್ಟರಲ್ಲಿ ಬ್ಯಾಂಡು ಮೈದಾನ ದಾಟಿ ಹೊರಟುಹೋಯಿತು.

ಮುಂದಿನ ಅರ್ಧ ಆಟದಲ್ಲಿ ಯಾರು ಗೆದ್ದರು ಎಂಬುದು ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಾಗಲಿಲ್ಲ.

ಆಟ ಮುಗಿದ ಮೇಲೆ ಅವಳು ಹೇಳಿದ್ದ ಕಡೆ, ಬ್ಯಾಂಡಿನ ಬಸ್ಸುಗಳು ನಿಂತಲ್ಲಿಗೆ ಹೋಗಿ ಕಾದರು. ನಿಶ್ಮಿತಾ ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಅವಳ ಎರಡು ಕೈಗೂ ಊಟದ ತಟ್ಟೆಗಿಂತ ದೊಡ್ಡದಾದ ಹಿತ್ತಾಳೆಯ ತಾಳಗಳು ನೇತುಬಿದ್ದಿದ್ದವು. ಶೋಭಾ ಗಂಡನ ತೋಳು ಹಿಡಿದು, ಬಾಯಾರಿದೆಯೆಂದು ದೂರಕ್ಕೆ ಎಳೆದುಕೊಂಡು ಹೋದಳು.

"ಕೊಳಲು ಎಲ್ಲಿ?" ಎಂದು ಕೇಳಿದ ಮೋಹನದಾಸ.

"ಕಾಲೇಜಿಗೆ ಸೇರಿದಾಗಲೇ ಬಿಟ್ಟೆ. ಇಲ್ಲಿ ತಾಳ ಬಾರಿಸ್ತೀನಿ," ಎಂದಳು ಅವಳು ಇಂಗ್ಲಿಷಿನಲ್ಲಿ. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದಳು, "ನಾನು ಕಂಡೆನಾ?"

ಹೂಂ ಎನ್ನುವುದು ಬಹಳ ಸುಲಭವಿತ್ತು. ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲ ಮಗಾ. ಕೊಳಲಿನವರನ್ನೇ ಹುಡುಕಿದೆ. ಮುಗಿಯುವವರೆಗೆ ಹುಡುಕಿದೆ. ನೀನು ಸಿಗಲೇ ಇಲ್ಲ."

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದ. ಅವಳು ಪಕ್ಕದಲ್ಲಿದ್ದ ಯಾರದೋ ಕಾರಿನ ಬಂಪರಿನ ಮೇಲೆ ಕೂತು ತಾಳಗಳನ್ನು ಹುಲ್ಲಿನ ಮೇಲಿಟ್ಟಳು.

"ಅಮ್ಮನಿಗೂ ಸಿಗ್ತಿರಲಿಲ್ಲ," ಎಂದಳು. "ಪ್ರತಿ ಸಲ 'ನೋಡಿದೆ, ನೀನೇ ಎಲ್ಲರಿಗಿಂತ ಚೆನ್ನಾಗಿ ನುಡಿಸಿದ್ದು' ಅಂತಿದ್ದಳು. ಒಂದು ಸಲ ಜ್ವರ ಬಂದು ನಾನು ಮೈದಾನಕ್ಕೇ ಇಳಿಯಲಿಲ್ಲ, ಬಸ್ಸಲ್ಲಿ ಮಲಗಿದ್ದೆ. ಅವತ್ತೂ ಹಾಗೇ ಅಂದಳು."

ಮೋಹನದಾಸನಿಗೆ ನಗು ಬಂತು. ಕುಮುದಾ ಹಾಗೆ ಹೇಳುವಾಗ ಅವಳ ಹುಬ್ಬು ಮೇಲೇರುವ ರೀತಿ ಕಣ್ಣಿಗೆ ಕಟ್ಟಿತು. ನಗುತ್ತಿದ್ದವನಿಗೆ ಉಸಿರು ಸಿಕ್ಕಿಕೊಂಡಿತು, ಮತ್ತೆ ಬಿಟ್ಟಿದ್ದು ಅಳುವಾಗಿ. ಇಷ್ಟು ದಿನ ಎಲ್ಲಿತ್ತೋ! ಅವನು ಆ ಹುಲ್ಲಿನ ಮೈದಾನದಲ್ಲಿ, ಬಣ್ಣ ಬಳಿದುಕೊಂಡ ಮುದುಕರ ನಡುವೆ, ಮಗಳ ಪಕ್ಕ ಕುಸಿದು ಕೂತು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಎದೆ ನಿಜವಾಗಿಯೂ ನೋಯುತ್ತಿತ್ತು.

ನಿಶ್ಮಿತಾಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಅಪ್ಪ ಅತ್ತದ್ದನ್ನು ಕಂಡವಳಲ್ಲ.

"ಬಾಸ್ಟನ್ನಿಗೆ ಹೋಗಬೇಡ," ಎಂದ ಅವನು.

"ನಿನಗೆ ಸರಿ ಕಂಡ ಹಾಗೆ ಮಾಡು ಅಂದೆಯಲ್ಲ?"

"ಅಂದೆ. ಈಗ ಬೇಡ ಅಂತ ಹೇಳ್ತಾ ಇದ್ದೇನೆ."

"ಯಾಕೆ?"

ಅವನು ಕರವಸ್ತ್ರ ಹುಡುಕಿದ, ಇರಲಿಲ್ಲ, ಅಂಗಿಯ ತೋಳಿಗೇ ಮುಖ ಒರೆಸಿಕೊಂಡ. "ಆ ಮನೆಯಲ್ಲಿ ಒಬ್ಬನೇ ಇರ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ ಮಗಾ. ಎಲ್ಲಾ ದೀಪ ಹಾಕಿಕೊಂಡು ಮಲಗ್ತೇನೆ. ನೀನು ಇಷ್ಟು ಹತ್ತಿರ ಇದ್ದೀ ಅಂತ ಇದ್ದೇನೆ."

ಬ್ಯಾಂಡಿನವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಬಾಗಿಲ ಬಳಿ ಯಾರೋ ನಿಶ್ಮಿತಾಳ ಹೆಸರು ಕೂಗಿದರು. ಡ್ರೈವರು ಎರಡು ಸಲ ಹಾರ್ನ್ ಹೊಡೆದ. ನಿಶ್ಮಿತಾ ಅಪ್ಪನ ಕೈ ಹಿಡಿದುಕೊಂಡಿದ್ದಳು. ನೀವು ಹೋಗಿ ಎಂದು ಬಸ್ಸಿನವರಿಗೆ ಇನ್ನೊಂದು ಕೈ ಬೀಸಿದಳು.