ಸುಣ್ಣದ ಗೆರೆಯ ಮನೆ

ನಮ್ಮ ಸೈಟಿನ ಒಂದು ಕಡೆ ಸಾವು, ಇನ್ನೊಂದು ಕಡೆಯೂ ಸಾವು, ನಡುವೆ ನಾವು ಮನೆ ಕಟ್ಟಬೇಕಿತ್ತು. ಹೀಗೆಂದಾಗಲೆಲ್ಲ ನನ್ನ ಗಂಡ "ಬಿಡ್ತು ಅನ್ನು" ಎಂದು ರೇಗುತ್ತಿದ್ದರು. ಅನ್ನುತ್ತಿದ್ದೆ. ಬಿಡ್ತು ಎಂದ ಮಾತ್ರಕ್ಕೆ ಸೈಟು ಎದ್ದು ಬೇರೆ ಕಡೆ ಹೋಗಿ ಕೂರುತ್ತದೆಯೇ? ಪೂರ್ವಕ್ಕೆ ಹಗಲೆಲ್ಲ ಲಾರಿಗಳು ಓಡುವ ರಸ್ತೆ. ಪಶ್ಚಿಮಕ್ಕೆ ಕಲ್ಲು ತೆಗೆದು ಕೈಬಿಟ್ಟ ಹಳೆಯ ಕ್ವಾರಿಯ ಗುಂಡಿ. ಅದರ ತುಂಬ ಹಸಿರು ನೀರು. ಸುತ್ತ ಇದ್ದ ತಂತಿಬೇಲಿಯನ್ನು ಯಾರೋ ಗುಜರಿಗೆ ಹಾಕಿ ಎಷ್ಟೋ ಕಾಲವಾಗಿತ್ತು.

ಬೇರೆ ಮಕ್ಕಳಾದರೆ "ಏಯ್, ನಿಲ್ಲು!" ಎಂದರೆ ನಿಲ್ಲುತ್ತಾರೆ. ನಿಲ್ಲದಿದ್ದರೂ ಕೂಗಿದ ಸಮಾಧಾನವಾದರೂ ಇರುತ್ತದೆ. ನಮ್ಮ ಪುಟ್ಟಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಇನ್ನೂ ಮೂರು ತುಂಬಿಲ್ಲ, ಕಾಲಿಗೆ ಮಾತ್ರ ಚಕ್ರ ಕಟ್ಟಿಕೊಂಡಂತೆ ಓಡುತ್ತಾಳೆ. ಬಾಡಿಗೆ ಮನೆಯಲ್ಲಿ ಅವಳನ್ನು ಕರೆಯಬೇಕೆಂದರೆ ದೀಪ ಹಾಕಿ ಆರಿಸುತ್ತೇವೆ, ಇಲ್ಲವೇ ಅವಳು ಕೂತ ಮಂಚವನ್ನು ತಟ್ಟುತ್ತೇವೆ. ಬಯಲಿನಲ್ಲಿ ಯಾವ ದೀಪ ಆರಿಸುವುದು, ಯಾವ ಮಂಚ ತಟ್ಟುವುದು?

ನಾನು ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುತ್ತೇನೆ. ಸೂಜಿಯ ಮೇಲೆ ಕಣ್ಣಿಟ್ಟವಳು ಮಗುವಿನ ಮೇಲೂ ಕಣ್ಣಿಡಬೇಕೆಂದರೆ ನನಗೇನು ನಾಲ್ಕು ಕಣ್ಣಿವೆಯೇ? ಅದಕ್ಕೇ ಮನೆಯ ಮುಖ ಯಾವ ಕಡೆ, ಹಿತ್ತಲು ಯಾವ ಕಡೆ ಎನ್ನುವ ಮಾತು ಬಂದಾಗಲೆಲ್ಲ ನಾನು ಹೊಲಿಗೆ ಬಿಟ್ಟು ಎದ್ದು ಬರುತ್ತಿದ್ದೆ. ಮುಂಬಾಗಿಲಿಗೆ ಚಿಲಕ ಹಾಕಿ ಇಡಬಹುದು. ಹಿತ್ತಲ ಬಾಗಿಲು ಹಾಗಲ್ಲ, ಬಟ್ಟೆ ಒಣಹಾಕಲು, ಪಾತ್ರೆ ತೊಳೆಯಲು ದಿನವಿಡೀ ತೆರೆದೇ ಇರುತ್ತದೆ. ಹಿತ್ತಲು ಯಾವ ಕಡೆಯೋ ಪುಟ್ಟಿಯ ಬದುಕೂ ಆ ಕಡೆ.

ಹಿತ್ತಲು ರಸ್ತೆಯ ಕಡೆ ಇರಲಿ, ಎತ್ತರದ ಗೋಡೆ ಕಟ್ಟೋಣ ಎಂದು ನಾನು ಪಟ್ಟು ಹಿಡಿದಿದ್ದೆ. ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

"ರಸ್ತೆಗೆ ಬೆನ್ನು ತಿರುಗಿಸ್ಕೊಂಡು ಯಾರಾದ್ರೂ ಮನೆ ಕಟ್ತಾರೇನೆ? ಸಾಲಿನ ಮನೆಯೆಲ್ಲ ರಸ್ತೆ ನೋಡ್ತಿದ್ರೆ ನಮ್ದೊಂದು ಮುನಿಸ್ಕೊಂಡ ಹಾಗೆ ಕೂತಿರ್ಬೇಕಾ?"

"ಮುನಿಸ್ಕೊಂಡ್ರೆ ಮುನಿಸ್ಕೊಳ್ಲಿ. ಮಗು ಉಳಿಯುತ್ತಲ್ಲ."

"ಗುಂಡಿ ಕಡೆ ಗಾಳಿ ಚೆನ್ನಾಗಿ ಬರತ್ತೆ ಕಣೇ, ಬಟ್ಟೆ ಬೇಗ ಒಣಗತ್ತೆ," ಎಂದು ಅತ್ತೆ ನಡುವೆ ಮೂಗು ತೂರಿಸಿದರು. ನನ್ನ ಎದೆ ಒಣಗುತ್ತಿರುವುದು ಯಾರಿಗೂ ಬೇಕಿರಲಿಲ್ಲ.

ನನ್ನ ಗಂಡ ಲಿಫ್ಟ್ ರಿಪೇರಿಯವರು. ಯಾವುದನ್ನೂ ಓಡಿಸಿ ನೋಡದೆ ನಂಬುವ ಜಾತಿಯಲ್ಲ. ಖಾಲಿ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ, ಆಮೇಲೆ ಮರಳಿನ ಮೂಟೆ ಹೇರಿ ಓಡಿಸಿ, ಕೊನೆಗೆ ಮನುಷ್ಯರನ್ನು ಹತ್ತಿಸುವ ಕೆಲಸ ಮಾಡಿ ಮಾಡಿ ಅವರ ಬುದ್ಧಿಯೂ ಹಾಗೇ ಆಗಿದೆ. "ಜಗಳ ಯಾಕೆ? ನೆಲದ ಮೇಲೆ ಸುಣ್ಣದಲ್ಲಿ ಇಡೀ ಮನೆ ಬರೆಸ್ತೀನಿ. ರಜೆ ದಿನ ಬೆಳಗ್ಗೇನೇ ಹೋಗಿ ಅದರಲ್ಲಿ ಸಂಸಾರ ಮಾಡಿ ನೋಡೋಣ. ಸರಿ ಬರ್ಲಿಲ್ವಾ, ಕಾಲಲ್ಲಿ ಅಳಿಸಿದ್ರಾಯ್ತು," ಎಂದರು. ಮನೆಯನ್ನೂ ಖಾಲಿ ಓಡಿಸಿ ನೋಡುವ ಆಸೆ. ಆಗಲಿ ಎಂದೆ. ಆದರೆ ಅವರು ಮೊದಲು ಬರೆಸಿದ್ದು ತಮ್ಮ ಮನೆಯನ್ನೇ. ಮುಂಬಾಗಿಲು ರಸ್ತೆಗೆ, ಹಿತ್ತಲು ಗುಂಡಿಗೆ.

ನಾವು ಹೋದಾಗ ಸೂರ್ಯ ರಸ್ತೆಯಾಚೆಯ ಗೋದಾಮಿನ ಮಾಡಿನಿಂದ ಆಗಷ್ಟೇ ತಲೆ ಎತ್ತಿದ್ದ. ಮೇಸ್ತ್ರಿ ನಮಗಿಂತ ಮೊದಲೇ ಬಂದು ಗೆರೆಗಳನ್ನು ಎಳೆದು ಮುಗಿಸಿದ್ದ. ಬೆಳ್ಳಗೆ, ನೆಟ್ಟಗೆ, ಬಾಗಿಲಿದ್ದಲ್ಲಿ ಮಾತ್ರ ಬಿಟ್ಟು ಎಳೆದ ಗೆರೆಗಳು. ನೋಡಲು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಬಾಡಿಗೆ ಮನೆಯಲ್ಲಿ ಮೊಣಕೈ ಮೊಣಕೈಗೆ ತಾಗಿಸಿಕೊಂಡು ಬದುಕಿದವರಿಗೆ ಖಾಲಿ ನೆಲದ ಗೆರೆಯೂ ಅರಮನೆಯೇ.

ಅತ್ತೆ ಮುಂಬಾಗಿಲ ಸಂದಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಇವರು ಅಡುಗೆಮನೆಯಿಂದ ಹಜಾರಕ್ಕೆ ನೇರ ದಾಟಿದಾಗ "ಅಯ್ಯೋ, ಗೋಡೆ ಒಳಗಿಂದ ಯಾಕೋ ಬರ್ತೀಯ, ಬಾಗಿಲಿಲ್ವಾ?" ಎಂದು ಗದರಿದರು. ಅಷ್ಟು ದೊಡ್ಡ ಮನುಷ್ಯ ಹಿಂದಕ್ಕೆ ಹೋಗಿ ಬಾಗಿಲಿನಿಂದ ಸುತ್ತಿಕೊಂಡು ಬಂದರು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆಮೇಲೆ ಯಾರೂ ಗೆರೆ ದಾಟಲಿಲ್ಲ. ಆಟವೆಂದು ಶುರುವಾದದ್ದು ಸ್ವಲ್ಪ ಹೊತ್ತಿಗೆ ಅಭ್ಯಾಸವೇ ಆಗಿಹೋಯಿತು. ಪಕ್ಕದ ಕೋಣೆಯಲ್ಲಿದ್ದವರ ಜೊತೆ ನಾವು ದನಿ ಎತ್ತರಿಸಿ ಮಾತಾಡುತ್ತಿದ್ದೆವು, ನಡುವೆ ನಿಜವಾಗಿಯೂ ಗೋಡೆ ಇದ್ದಂತೆ.

ಪುಟ್ಟಿಯನ್ನು ಅತ್ತೆಯ ಜೊತೆ ಹಿಂದಿನ ಕೋಣೆಯಲ್ಲಿ ಕೂರಿಸಿದ್ದೆ. ಅವಳ ಮುಂದೆ ಬಟ್ಟೆಯ ಬೊಂಬೆ, ಒಂದು ಹಿಡಿ ಅಂಗಿಯ ಗುಂಡಿಗಳು. ಇವರು ಮತ್ತು ಮೇಸ್ತ್ರಿ ರಸ್ತೆಯ ಅಂಚಿನಲ್ಲಿ ನಿಂತು ಗೇಟಿನ ಅಗಲದ ಬಗ್ಗೆ ವಾದಕ್ಕೆ ಇಳಿದಿದ್ದರು. ನಾನು ಅಡುಗೆಮನೆಯಲ್ಲಿ, ಅಂದರೆ ಒಂದು ಕಲ್ಲಿನ ಮೇಲೆ ಫ್ಲಾಸ್ಕ್ ಇಟ್ಟುಕೊಂಡು, ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದೆ.

"ಅತ್ತೇ, ಪುಟ್ಟಿ ಎಲ್ಲಿ?"

"ರೂಮಲ್ಲಿ ಆಡ್ಕೋತಿದಾಳೆ ಕಣೇ. ನಾನು ಹಜಾರ ನೋಡ್ತಿದೀನಿ."

ರೂಮಿನಲ್ಲಿದ್ದಾಳೆ ಎಂದು ಕೇಳಿ ನನ್ನ ಜೀವ ತಣ್ಣಗಾಯಿತು. ತಲೆ ಎತ್ತಿ ನೋಡಲೂ ಇಲ್ಲ. ಇನ್ನೊಂದು ಲೋಟ ತುಂಬಿಸಿ, ಮುಚ್ಚಳ ತಿರುಗಿಸುವಾಗ ನನಗೆ ನನ್ನ ದಡ್ಡತನ ಹೊಳೆಯಿತು. ಯಾವ ರೂಮು?

ಎದ್ದು ನೋಡಿದೆ. ಬಿಳಿ ಚೌಕದೊಳಗೆ ಬೊಂಬೆ ಅಂಗಾತ ಬಿದ್ದಿತ್ತು. ಹಿಂದಿನ ಗೆರೆಯ ಮೇಲೆ ಒಂದು ಕಡೆ ಸುಣ್ಣ ಕೆದರಿತ್ತು, ಅಲ್ಲಿಂದ ಪುಟ್ಟ ಪುಟ್ಟ ಬಿಳಿ ಹೆಜ್ಜೆಗಳು ಹಿತ್ತಲ ಕಡೆಗೆ ಹೋಗಿದ್ದವು. ನಾಲ್ಕಾರು ಹೆಜ್ಜೆಯಾದ ಮೇಲೆ ಬಿಳುಪು ಮಾಸಿ ಬರೀ ಮಣ್ಣಾಗಿತ್ತು.

ಅವಳು ಗುಂಡಿಯ ಅಂಚಿನಲ್ಲಿದ್ದಳು.

ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಹರಳು ಹೆಕ್ಕಿ ನೀರಿಗೆ ಎಸೆದು, ಬಗ್ಗಿ ಬಗ್ಗಿ ನೋಡುತ್ತಿದ್ದಳು. ಆ ಅಂಚು ಗಟ್ಟಿ ಬಂಡೆಯಲ್ಲ, ಕ್ವಾರಿಯವರು ಸುರಿದುಹೋದ ಜಲ್ಲಿಪುಡಿ. ಅವಳು ಕೈ ಬೀಸಿದಾಗಲೆಲ್ಲ ಪಾದದಡಿಯ ಪುಡಿ ಜಾರಿ ಕೆಳಗೆ ಇಳಿಯುವುದು ನಾನು ನಿಂತಲ್ಲಿಗೆ ಕಾಣುತ್ತಿತ್ತು. ನನ್ನ ಬಾಯಿಂದ "ಪುಟ್ಟೀ" ಎಂದು ಎಂಥ ಕೂಗು ಬಂತೆಂದರೆ ರಸ್ತೆಯಲ್ಲಿ ನಿಂತವರು ತಿರುಗಿದರು. ತಿರುಗಬೇಕಾದವಳು ತಿರುಗಲಿಲ್ಲ.

ಓಡಿದೆ. ಓಡುತ್ತಲೇ ನನ್ನ ನೆರಳು ನನಗಿಂತ ಮುಂದೆ ಓಡಿ ಅವಳನ್ನು ಮುಟ್ಟಿತು. ಸೂರ್ಯ ನನ್ನ ಬೆನ್ನಿಗಿದ್ದ, ನೆಲಕ್ಕೆ ಅಂಟಿಕೊಂಡಷ್ಟು ಕೆಳಗಿದ್ದ. ಅವಳ ಪಕ್ಕದಲ್ಲೇ ನನ್ನ ನೆರಳಿನ ತಲೆ ಹಾದು, ಅಂಚಿನ ಜಲ್ಲಿಪುಡಿಯ ಮೇಲೆ ಹೋಗಿ ಬಿತ್ತು. ಪುಟ್ಟಿ ಅದನ್ನು ನೋಡಿದಳು. ಎದ್ದು ನಿಂತು, ಖುಷಿಯಿಂದ ಎರಡೂ ಕೈ ಬಡಿದಳು.

ಬೆಳಗ್ಗೆ ಹಾಲಿನಂಗಡಿಗೆ ಹೋಗುವಾಗ ನನ್ನ ನೆರಳಿನ ತಲೆಯನ್ನು ತುಳಿಯುವುದು ಅವಳ ಆಟ. ಈಗಲೂ ಒಂದು ಕಾಲು ಎತ್ತಿ ತಲೆಯ ಕಡೆಗೆ ಚಾಚಿದಳು. ಅಂಚಿನ ಕಡೆಗೆ. ಗುಂಡಿಯ ಕಡೆಗೆ.

ನಿಂತುಬಿಟ್ಟೆ. ಒಂದು ಹೆಜ್ಜೆ ಮುಂದಿಟ್ಟರೆ ನನ್ನ ತಲೆ ಇನ್ನೂ ಆಚೆ ಹೋಗುತ್ತದೆ, ಅವಳೂ ಹೋಗುತ್ತಾಳೆ. ನನ್ನ ಮಗಳನ್ನು ಗುಂಡಿಗೆ ಕರೆಯುತ್ತಿರುವುದು ನಾನೇ. ಹಿಂದೆ ಇವರು ಹೋ ಎನ್ನುತ್ತ ಓಡಿಬರುವ ಸದ್ದು ಕೇಳಿಸಿತು. ತಿರುಗದೆಯೇ ಕೈ ಅಡ್ಡ ಚಾಚಿ, "ಬರ್ಬೇಡಿ! ಯಾರೂ ಬರ್ಬೇಡಿ!" ಎಂದು ಅರಚಿದೆ. ಸದ್ದು ನಿಂತಿತು.

ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ನೆರಳಿನ ತಲೆ ಅಂಚಿನಿಂದ ಇತ್ತ ಸರಿಯಿತು. ಪುಟ್ಟಿಯ ಕಾಲು ಗಾಳಿಯಲ್ಲೇ ನಿಂತಿತು. ಇನ್ನೊಂದು ಹೆಜ್ಜೆ ಹಿಂದಕ್ಕೆ. ತಲೆ ಅವಳ ಪಾದದ ಬಳಿಗೆ ಬಂತು, ತುಳಿದಳು. ಮತ್ತೆ ಹಿಂದಕ್ಕೆ. ತಲೆ ಅವಳನ್ನು ದಾಟಿ ನನ್ನ ಕಡೆಗೆ ಬಂತು, ಅದನ್ನು ಹುಡುಕುತ್ತ ಅವಳೂ ತಿರುಗಿದಳು. ನನ್ನನ್ನು ಕಂಡಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಕ್ಕಳು.

ಬಾ ಎಂದು ಕೈ ಮಾಡಿದೆ. ಬರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಮೊಣಕಾಲು ಮಡಿಸಿ, ಹಿಡಿ ನೋಡೋಣ ಎನ್ನುವಂತೆ ನಿಂತಳು. ಹಿಡಿಯಲು ಹೋದರೆ ಹಿಂದಕ್ಕೆ ಓಡುತ್ತಾಳೆ. ಬಾಡಿಗೆ ಮನೆಯಲ್ಲಿ ಮಂಚದಿಂದ ಗೋಡೆಯವರೆಗೆ ದಿನಾ ಹಾಗೇ ಓಡುತ್ತಾಳೆ. ಇಲ್ಲಿ ಅವಳ ಹಿಂದೆ ಗೋಡೆಯಿರಲಿಲ್ಲ. ಅವಳ ಹಿಮ್ಮಡಿಯ ಕೆಳಗಿಂದ ಇನ್ನೊಂದಿಷ್ಟು ಪುಡಿ ಜಾರಿತು.

ಹಟ ಮಾಡುವ ಮಕ್ಕಳಿಗೆ ಎಲ್ಲ ತಾಯಂದಿರೂ ಬೀದಿಯಲ್ಲಿ ಮಾಡುವುದನ್ನೇ ಮಾಡಿದೆ. ನಾನು ಹೊರಟೆ ಎಂದು ಬೆನ್ನು ತಿರುಗಿಸಿ ನಡೆದೆ.

ಆ ನಡಿಗೆ ನನ್ನ ಶತ್ರುವಿಗೂ ಬೇಡ. ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ, ಎದುರಿಗೆ ಏನೂ ಕಾಣುತ್ತಿರಲಿಲ್ಲ. ಮಗು ಬೇಕಿದ್ದರೆ ಮಗುವಿನಿಂದ ದೂರ ಹೋಗಬೇಕಿತ್ತು. ತಿರುಗಿ ನೋಡಿದರೆ ಆಟವೆಂದು ಗೊತ್ತಾಗಿ ಅಲ್ಲೇ ನಿಲ್ಲುತ್ತಾಳೆ. ನೋಡದಿದ್ದರೆ ಇದ್ದಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಹೆಜ್ಜೆಯ ಸದ್ದಿಗೆ ಕಿವಿಗೊಟ್ಟೆ, ಲಾರಿಯೊಂದು ಗುಡುಗುಡು ಎಂದು ಹೋಗಿ ಎಲ್ಲವನ್ನೂ ನುಂಗಿತು. ನೀರಿಗೆ ಏನೋ ಬಿದ್ದ ಸದ್ದಾದಂತೆ ಅನಿಸಿತು. ಕಲ್ಲು ಎಂದುಕೊಂಡೆ. ಅದು ಕಲ್ಲೇ ಆಗಿರಲಿ ಎಂದುಕೊಂಡೆ. ಬಿಸಿಲಿಗೆ ಕೈ ಅಡ್ಡ ಹಿಡಿದೆ, ಹಜಾರದಲ್ಲಿ ಅತ್ತೆ ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದರು. ಅವರ ಕಣ್ಣು ನನ್ನ ಹಿಂದೆ ಏನನ್ನು ನೋಡುತ್ತಿದೆ ಎಂದು ಆ ಕಣ್ಣನ್ನೇ ನೋಡಿಕೊಂಡು ನಡೆದೆ.

ಮೊಣಕಾಲಿನ ಹಿಂದೆ ಬಟ್ಟೆ ಜಗ್ಗಿತು.

ಕುಸಿದು ಕೂತು ಅವಳನ್ನು ಎದೆಗೆ ಒತ್ತಿಕೊಂಡೆ. ಎಷ್ಟು ಗಟ್ಟಿಯಾಗಿ ಒತ್ತಿಕೊಂಡೆನೆಂದರೆ ಅವಳು ನೋವಿಗೆ ಚೀರಿದಳು. ಇವರು ಬಂದು ನಮ್ಮಿಬ್ಬರ ಪಕ್ಕ ಮಂಡಿಯೂರಿದರು. ಅತ್ತೆ ತಲೆ ಚಚ್ಚಿಕೊಂಡು, "ಗೋಡೆ ಇದೆ ಅಂದ್ಕೊಂಡ್ಬಿಟ್ಟೆ ಕಣೋ. ಪಾಪಿ ನಾನು, ಗೋಡೆ ಇದೆ ಅಂತಾನೇ ಅಂದ್ಕೊಂಡೆ," ಎಂದು ಗೋಳಾಡಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅದೇ ಗೋಡೆಯನ್ನು ನಂಬಿ ನಾನೂ ಚಹಾ ಬಗ್ಗಿಸಿದ್ದೆನಲ್ಲ.

ಎಷ್ಟೋ ಹೊತ್ತಾದ ಮೇಲೆ ಮೇಸ್ತ್ರಿ ದೂರದಿಂದಲೇ, ಹಿಂಜರಿಯುತ್ತ ಕೇಳಿದ. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಾಳೆ ಪಾಯ ಅಗೆಯೋರು ಬರ್ತಾರೆ. ಗೆರೆ ಹೀಗೇ ಇರ್ಲಾ, ತಿರುಗಿಸ್ಲಾ?"

ಇವರು ನನ್ನ ಮುಖ ನೋಡಿದರು. "ನೀನು ಹೇಳಿದ ಹಾಗೇ ಆಗ್ಲಿ. ನನ್ನನ್ನೇನೂ ಕೇಳ್ಬೇಡ."

ಗೆದ್ದಿದ್ದೆ. ಇಷ್ಟು ದಿನ ಬಾಯಿ ಬಡಿದುಕೊಂಡದ್ದಕ್ಕೆ ಇದೇ ಗೆಲುವು. ಆಗಲೇ ಇನ್ನೊಂದು ಲಾರಿ ನಮ್ಮ ಸೈಟಿನ ಮುಂದೆ ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹೋಯಿತು. ಅತ್ತೆ ಬೆಚ್ಚಿದರು, ಮೇಸ್ತ್ರಿ ಬೆಚ್ಚಿದ. ನನ್ನ ಎದೆಗೆ ಒರಗಿದ್ದ ಮಗು ರೆಪ್ಪೆ ಕೂಡ ಅಲುಗಿಸಲಿಲ್ಲ. ನನ್ನ ಗೆಲುವಿನ ದಿಕ್ಕಿನಲ್ಲಿ ಏನಿದೆ ಎಂದು ಆಗ ಕಂಡೆ.

"ಹಿತ್ತಲು ರಸ್ತೆ ಕಡೆಗೇ ಇರ್ಲಿ. ಲಾರಿಯವನಿಗೆ ಕಣ್ಣಾದ್ರೂ ಇರತ್ತೆ. ಗುಂಡಿಗೆ ಏನಿದೆ?" ಎಂದೆ. ಮೇಸ್ತ್ರಿ ಸುಣ್ಣದ ಬುಟ್ಟಿ ಎತ್ತಿಕೊಂಡು ಹೋದ.

ಪುಟ್ಟಿ ನನ್ನ ತೋಳಿನಿಂದ ಹಿಂದಕ್ಕೆ ವಾಲಿ ನನ್ನ ಮುಖ ನೋಡಿದಳು. ಅವಳ ತುಟಿ ಅದುರುತ್ತಿತ್ತು. ಎರಡು ಬೆರಳುಗಳನ್ನು ಕತ್ತರಿಯಂತೆ ಆಡಿಸಿದಳು. ನಮ್ಮ ಮನೆಯಲ್ಲಿ ಅದು ನಾನು, ಬಟ್ಟೆ ಕತ್ತರಿಸುವ ಅಮ್ಮ. ಆಮೇಲೆ ಅಂಗೈಯನ್ನು ದೂರಕ್ಕೆ ತಳ್ಳಿದಳು. ಅಮ್ಮ ಹೋದಳು, ಎಂದು. ಗುಂಡಿ ಅವಳಿಗೆ ನೆನಪೇ ಇರಲಿಲ್ಲ. ಅವಳು ಕಂಡದ್ದು ನನ್ನ ಬೆನ್ನನ್ನು ಮಾತ್ರ.

ಇಲ್ಲ ಎಂದು ತಲೆಯಾಡಿಸಿದೆ. ನಿನಗೋಸ್ಕರ ಹೋದೆ ಎಂದು ಹೇಳಬೇಕಿತ್ತು. ಬಾ, ಹೋಗು, ಊಟ, ನಿದ್ದೆ, ಬಿಸಿ, ಎಲ್ಲಕ್ಕೂ ನಾವು ಸನ್ನೆ ಮಾಡಿಕೊಂಡಿದ್ದೇವೆ. ಯಾಕೆಂದರೆ ಎನ್ನುವುದಕ್ಕೆ ಮಾಡಿಕೊಂಡಿಲ್ಲ. "ಹೋಗ್ಲಿಲ್ಲ ಪುಟ್ಟೀ, ನಾನೆಲ್ಲೂ ಹೋಗ್ಲಿಲ್ಲ," ಎಂದು ಬಾಯಲ್ಲೇ ಹೇಳತೊಡಗಿದೆ, ಹೇಳುತ್ತಲೇ ಇದ್ದೆ. ಅವಳು ನನ್ನ ಗಂಟಲಿನ ಮೇಲೆ ಅಂಗೈಯಿಟ್ಟು ಅಲ್ಲಿ ಏನು ನಡುಗುತ್ತಿದೆ ಎಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ತೆಗೆದು, ಎರಡು ಬೆರಳು ಆಡಿಸಿ, ಅಂಗೈಯನ್ನು ಮತ್ತೆ ದೂರಕ್ಕೆ ತಳ್ಳಿದಳು.